ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್: ಸುದ್ದಿಯಾದ ಕೊಲೆ ಕೇಸನ್ನು ಕೋರ್ಟಿನ ದಾಖಲೆಯಲ್ಲೇ ಓದುವುದು ಹೇಗೆ

ಕೊಲೆ ಕೇಸೊಂದು ಟಿವಿಯ ಕೈಗೆ ಸಿಕ್ಕ ಮೇಲೆ ಆರೋಪಿ ಪರ ವಕೀಲರ ಕೆಲಸ ಜನರ ಕಣ್ಣಿಗೆ ಬೀಳುವುದು ಜಾಮೀನು ಸಿಕ್ಕ ದಿನ ಅಥವಾ ತಿರಸ್ಕಾರವಾದ ದಿನ ಮಾತ್ರ. ನಡುವಿನ ನೂರಾರು ದಿನ ಏನು ನಡೆಯಿತು, ಯಾರು ಸಮಯ ಕೇಳಿದರು, ಯಾವ ಅರ್ಜಿ ಬಿತ್ತು, ಯಾವ ಸಾಕ್ಷಿಯ ಪಾಟೀ ಸವಾಲು ಮುಂದಕ್ಕೆ ಹೋಯಿತು ಎಂಬುದೆಲ್ಲ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್‌ನಲ್ಲಿ ಒಂದೊಂದೇ ಸಾಲಾಗಿ ಬಿದ್ದಿರುತ್ತದೆ. ಸುಪ್ರೀಂ ಕೋರ್ಟಿನ ಇ-ಸಮಿತಿಗಾಗಿ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಮಾಡಿಕೊಟ್ಟಿರುವ ಈ ಆ್ಯಪ್ ಉಚಿತ. ಕೇಸಿಗೆ ಸಂಬಂಧಪಡದವರೂ ನೋಡಬಹುದು. ಆದರೆ ಓದುವ ಬಗೆ ತಿಳಿಯದೆ ನೋಡಿದರೆ ತಪ್ಪು ಅರ್ಥವೇ ಹೆಚ್ಚು ಹುಟ್ಟುತ್ತದೆ.

ಉದಾಹರಣೆಗೆ ನಟ ದರ್ಶನ್ ಎರಡನೇ ಆರೋಪಿಯಾಗಿರುವ, ಚಿತ್ರದುರ್ಗದ ಯುವಕನ ಕೊಲೆ ಪ್ರಕರಣವನ್ನೇ ತೆಗೆದುಕೊಳ್ಳೋಣ. ಬಂಧನವಾಗಿದ್ದು 2024ರ ಜೂನ್ 11ರಂದು. ಆರೋಪಿಗಳು 17 ಮಂದಿ. ಸೆಪ್ಟೆಂಬರ್ 4ರಂದು ಸಲ್ಲಿಕೆಯಾದ ಚಾರ್ಜ್‌ಶೀಟ್ 3,991 ಪುಟ, ಅದರಲ್ಲಿ 231 ಸಾಕ್ಷಿಗಳು. ಡಿಸೆಂಬರ್ 13ರಂದು ಹೈಕೋರ್ಟ್ ಜಾಮೀನು ಕೊಟ್ಟಿತು, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ನವೆಂಬರ್ 3ರಂದು ಸೆಷನ್ಸ್ ಕೋರ್ಟಿನಲ್ಲಿ ಆರೋಪ ನಿಗದಿಯಾಯಿತು, ಆರೋಪಿಗಳು ಆರೋಪಗಳನ್ನು ಅಲ್ಲಗಳೆದರು. ಈ ಒಂದೇ ಪ್ರಕರಣ ಮ್ಯಾಜಿಸ್ಟ್ರೇಟ್, ಸೆಷನ್ಸ್, ಹೈಕೋರ್ಟ್, ಸುಪ್ರೀಂ ಕೋರ್ಟ್ ನಾಲ್ಕೂ ಕಡೆ ಬೇರೆ ಬೇರೆ ನಂಬರಿನಲ್ಲಿ ದಾಖಲಾಗಿದೆ. ಆ್ಯಪ್‌ನ ಅತಿ ದೊಡ್ಡ ಕೊರತೆ ಇರುವುದೂ ಇಲ್ಲೇ: ಈ ನಾಲ್ಕು ದಾಖಲೆಗಳನ್ನು ಅದು ಒಂದೇ ಕಡೆ ಪೋಣಿಸಿ ಕೊಡುವುದಿಲ್ಲ.

ಹುಡುಕಾಟದಿಂದ ಶುರು ಮಾಡೋಣ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಮೊದಲೆರಡು ಅಕ್ಷರ ರಾಜ್ಯ, ಮುಂದಿನೆರಡು ಜಿಲ್ಲೆ, ಆಮೇಲಿನ ಎರಡು ಅಂಕಿ ಕೋರ್ಟ್ ಸಂಸ್ಥೆ, ನಂತರದ ಆರು ಅಂಕಿ ಕ್ರಮಸಂಖ್ಯೆ, ಕೊನೆಯ ನಾಲ್ಕು ವರ್ಷ. ಬೆಂಗಳೂರಿನ ಮ್ಯಾಜಿಸ್ಟ್ರೇಟ್ ಕೋರ್ಟಿನ ಕೇಸು ಕೆಎಬಿಸಿ03 ಎಂದು ಆರಂಭವಾದರೆ ಸಿಟಿ ಸಿವಿಲ್ ಮತ್ತು ಸೆಷನ್ಸ್ ಕೋರ್ಟಿನದು ಕೆಎಬಿಸಿ01. ಈ ನಂಬರ್ ಕೈಯಲ್ಲಿದ್ದರೆ ಬೇರೇನೂ ಬೇಡ. ಇಲ್ಲದಿದ್ದರೆ ಕಕ್ಷಿದಾರರ ಹೆಸರು, ವಕೀಲರ ಹೆಸರು, ಕೇಸ್ ನಂಬರ್, ಎಫ್‌ಐಆರ್ ನಂಬರ್ ಮೂಲಕ ಹುಡುಕಬಹುದು. ಇವುಗಳಲ್ಲಿ ಹೆಚ್ಚು ನಂಬಬಹುದಾದದ್ದು ಎಫ್‌ಐಆರ್ ಹುಡುಕಾಟ: ಠಾಣೆ, ಎಫ್‌ಐಆರ್ ನಂಬರ್, ವರ್ಷ ಕೊಟ್ಟರೆ ಸಾಕು. ಹೆಸರಿನ ಹುಡುಕಾಟ ಕೈಕೊಡುವುದು ಕಾಗುಣಿತದಿಂದ. ನಮ್ಮ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಒಬ್ಬೊಬ್ಬ ಗುಮಾಸ್ತರು ಒಂದೊಂದು ಥರ ಟೈಪ್ ಮಾಡುತ್ತಾರೆ. ಸ್ವಾಮಿ, ಗೌಡ, ಶೆಟ್ಟಿ ಯಾವುದೂ ಒಂದೇ ರೀತಿ ಇರುವುದಿಲ್ಲ. ಪೂರ್ತಿ ಹೆಸರು ಹೊಡೆಯುವ ಬದಲು ಮೊದಲ ನಾಲ್ಕೈದು ಅಕ್ಷರ ಕೊಡಿ. ಇನ್ನೊಂದು ಮಾತು: ಪಟ್ಟಿಯಲ್ಲಿ ಕಾಣುವುದು ಮೊದಲ ಆರೋಪಿಯ ಹೆಸರು ಮತ್ತು 'ಇತರರು' ಎಂಬ ಪದ. ಸುದ್ದಿಯಲ್ಲಿರುವ ಆರೋಪಿ ಎ-2, ಅಂದರೆ ಎರಡನೇ ಆರೋಪಿ ಆಗಿದ್ದರೆ ಆ ಕೇಸ್ ಪಟ್ಟಿಯಲ್ಲಿದ್ದರೂ ಕಣ್ತಪ್ಪಿ ಹೋಗುತ್ತದೆ.

ಹುಡುಕಿ ಸಿಕ್ಕಿತು ಅನ್ನುವಷ್ಟರಲ್ಲಿ ಬರುವ ತೊಡಕು ಕಮಿಟಲ್, ಅಂದರೆ ಮ್ಯಾಜಿಸ್ಟ್ರೇಟ್ ಕೇಸನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸುವುದು. ಕೊಲೆ ಆರೋಪದ ವಿಚಾರಣೆ ನಡೆಸುವ ಅಧಿಕಾರ ಸೆಷನ್ಸ್ ಕೋರ್ಟಿನದು. ಚಾರ್ಜ್‌ಶೀಟ್ ಮಾತ್ರ ಮೊದಲು ಮ್ಯಾಜಿಸ್ಟ್ರೇಟ್ ಮುಂದೆ ಬರುತ್ತದೆ, ಅಲ್ಲಿ ಸಿ.ಸಿ. (ಕ್ರಿಮಿನಲ್ ಕೇಸ್) ನಂಬರ್ ಬೀಳುತ್ತದೆ. ಆರೋಪಿಗಳಿಗೆ ಚಾರ್ಜ್‌ಶೀಟ್ ಪ್ರತಿ ಕೊಟ್ಟ ಮೇಲೆ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯಾದ ಸಿಆರ್‌ಪಿಸಿಯ 209ನೇ ಕಲಮಿನಡಿ ಕಡತ ಸೆಷನ್ಸ್‌ಗೆ ಹೋಗುತ್ತದೆ. ಹೊಸ ಕಾನೂನಾದ ಬಿಎನ್‌ಎಸ್‌ಎಸ್‌ನಲ್ಲಿ ಇದೇ ಕೆಲಸ 232ರಡಿ. ಸೆಷನ್ಸ್‌ನಲ್ಲಿ ಹೊಸ ಎಸ್.ಸಿ. (ಸೆಷನ್ಸ್ ಕೇಸ್) ನಂಬರ್, ಹೊಸ ಸಿಎನ್‌ಆರ್. ಹಳೆಯ ಸಿ.ಸಿ. ನಂಬರಿನ ಎದುರು ಆ್ಯಪ್ ತೋರಿಸುವುದು 'ಡಿಸ್ಪೋಸ್ಡ್' (ವಿಲೇವಾರಿ). ಇದನ್ನು ನೋಡಿ 'ಕೇಸ್ ಕ್ಲೋಸ್ ಆಯ್ತಂತೆ' ಎಂದು ಹಬ್ಬಿಸುವವರಿದ್ದಾರೆ. ಕೇಸು ಆಗಷ್ಟೇ ಶುರುವಾಗಿರುತ್ತದೆ. ಜಾಮೀನು ಅರ್ಜಿಗಳದ್ದೂ ಇದೇ ಕಥೆ: ಸೆಷನ್ಸ್‌ನಲ್ಲಿ ಕ್ರಿಮಿನಲ್ ಮಿಸಲೇನಿಯಸ್, ಹೈಕೋರ್ಟಿನಲ್ಲಿ ಕ್ರಿಮಿನಲ್ ಪಿಟಿಷನ್ ಎಂದು ಪ್ರತಿ ಅರ್ಜಿಗೂ ಪ್ರತ್ಯೇಕ ನಂಬರ್. ಅರ್ಜಿ ಮುಗಿದರೆ ಅರ್ಜಿಯಷ್ಟೇ ಮುಗಿಯಿತು. ಡಿಸ್ಪೋಸ್ಡ್ ಎಂದು ಕಂಡ ಕೂಡಲೇ 'ನೇಚರ್ ಆಫ್ ಡಿಸ್ಪೋಸಲ್' ಸಾಲನ್ನು ನೋಡಿ. ಕಮಿಟೆಡ್ ಎಂದಿದ್ದರೆ ಅದೇ ಎಫ್‌ಐಆರ್ ನಂಬರಿನಿಂದ ಸೆಷನ್ಸ್ ದಾಖಲೆಯನ್ನು ಮತ್ತೆ ಹುಡುಕಿ. ಹಳೆಯ ದಾಖಲೆಯಿಂದ ಹೊಸದಕ್ಕೆ ಒಂದು ಕೊಂಡಿ ಕೊಟ್ಟಿದ್ದರೆ ಅರ್ಧ ಗೊಂದಲ ಇರುತ್ತಿರಲಿಲ್ಲ.

ಕೇಸಿನ ಪುಟದಲ್ಲಿ ಸಲ್ಲಿಕೆ ದಿನಾಂಕ, ನೋಂದಣಿ ದಿನಾಂಕ ಎಂದು ಎರಡು ಇರುತ್ತವೆ. ಆರೋಪಿ ಪರ ವಕೀಲರು ಸಿ.ಸಿ. ದಾಖಲೆಯಲ್ಲಿ ಮೊದಲು ನೋಡುವುದು ಸಲ್ಲಿಕೆ ದಿನಾಂಕವನ್ನು. ಕೊಲೆ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಬಂಧನದಲ್ಲಿರುವ ಆರೋಪಿಗೆ ಡಿಫಾಲ್ಟ್ ಜಾಮೀನಿನ ಹಕ್ಕು ಹುಟ್ಟುತ್ತದೆ. ಮೇಲಿನ ಪ್ರಕರಣದಲ್ಲಿ ಜೂನ್ 11ರಿಂದ ಸೆಪ್ಟೆಂಬರ್ 4ಕ್ಕೆ 85 ದಿನ. ಐದು ದಿನ ಬಾಕಿ ಇರುವಾಗ ಸಲ್ಲಿಕೆಯಾದ್ದರಿಂದ ಆ ದಾರಿ ಮುಚ್ಚಿತು. ನೋಂದಣಿ ಕೆಲವೊಮ್ಮೆ ತಡವಾಗಿ ಆಗುತ್ತದೆ. ಆ ದಿನಾಂಕ ಹಿಡಿದು ಲೆಕ್ಕ ಹಾಕಿದರೆ ಇಲ್ಲದ ಹಕ್ಕು ಇದ್ದಂತೆ ಕಾಣುತ್ತದೆ.

ಆ್ಯಪ್‌ನ ನಿಜವಾದ ಸಂಪತ್ತು 'ಕೇಸ್ ಹಿಸ್ಟರಿ'. ಅಲ್ಲಿ ಯಾವುದೇ ದಿನಾಂಕವನ್ನು ಒತ್ತಿದರೆ ಆ ದಿನದ ನಡಾವಳಿ ತೆರೆಯುತ್ತದೆ. ಮಾದರಿಗೆ ಒಂದು ನಡಾವಳಿ ಹೀಗಿರುತ್ತದೆ ಅಂದುಕೊಳ್ಳಿ: 'ಎ-1ರಿಂದ ಎ-4 ವಿ.ಸಿ. ಮೂಲಕ ಹಾಜರು. ಎ-7 ಗೈರು, ಇ.ಪಿ. ಸಲ್ಲಿಕೆ, ಮಂಜೂರು. ಎಸ್‌ಪಿಪಿ ತಕರಾರಿಗೆ ಸಮಯ ಕೋರಿಕೆ. ಎಚ್‌ಬಿಸಿ.' ಮೊದಲ ಮಾತು, ನಾಲ್ವರು ಜೈಲಿನಿಂದಲೇ ವಿಡಿಯೊದಲ್ಲಿ ಹಾಜರಾಗಿದ್ದಾರೆ. ಇ.ಪಿ. ಅಂದರೆ ಆ ದಿನದ ಹಾಜರಿಗೆ ವಿನಾಯಿತಿ ಕೇಳುವ ಅರ್ಜಿ. ಅದು ಮಂಜೂರಾದ ಮೇಲೂ 'ಆರೋಪಿ ಕೋರ್ಟಿಗೆ ಚಕ್ಕರ್' ಎಂದು ಬರೆಯುವುದು ಸುಳ್ಳು. ವಿಶೇಷ ಸರ್ಕಾರಿ ಅಭಿಯೋಜಕರು ತಕರಾರಿಗೆ ಸಮಯ ಕೇಳಿದ್ದಾರೆ ಅಂದರೆ ಆ ವಾಯಿದೆ ಮುಂದಕ್ಕೆ ಹೋಗಲು ಕಾರಣ ಪ್ರಾಸಿಕ್ಯೂಷನ್. ಡಿಫೆನ್ಸ್ ಎಳೆಯುತ್ತಿದೆ ಅನ್ನುವ ಮುನ್ನ ಈ ಸಾಲು ನೋಡಬೇಕು. ಎಚ್‌ಬಿಸಿ ಎಂದರೆ ಆರೋಪ ನಿಗದಿಗೆ ಮುಂಚಿನ ವಾದ. ಡಿಸ್ಚಾರ್ಜ್ ಅರ್ಜಿ, ಅಂದರೆ ವಿಚಾರಣೆಗೆ ಒಳಪಡಿಸುವಷ್ಟು ಆಧಾರವೇ ಇಲ್ಲ ಎಂಬ ವಾದ ನಡೆಯುವುದು ಈ ಹಂತದಲ್ಲೇ. ಆರೋಪ ಓದಿಹೇಳಿದ ಮೇಲೆ ಆ ಅವಕಾಶ ಮುಗಿಯುತ್ತದೆ.

ಸಾಕ್ಷ್ಯ ಶುರುವಾದ ಮೇಲೆ ಸಾಲುಗಳ ಧಾಟಿ ಬದಲಾಗುತ್ತದೆ. ಪಿ.ಡಬ್ಲ್ಯು. ಪ್ರಾಸಿಕ್ಯೂಷನ್ ಸಾಕ್ಷಿ, ಎಕ್ಸ್-ಪಿ ಅವರ ದಾಖಲೆ, ಎಂ.ಓ. ವಸ್ತು, ಎಕ್ಸ್-ಡಿ ಡಿಫೆನ್ಸ್ ಗುರುತು ಮಾಡಿಸಿದ ದಾಖಲೆ. ಈ ಎಕ್ಸ್-ಡಿ ಮೇಲೆ ಕಣ್ಣಿಡಿ. ಸಾಕ್ಷಿ ಪೊಲೀಸರ ಮುಂದೆ ಹೇಳಿದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ಆ ಹಳೆಯ ಹೇಳಿಕೆಯ ಭಾಗವನ್ನು ಅವರಿಗೇ ತೋರಿಸಿ ಎಕ್ಸ್-ಡಿ ಎಂದು ಗುರುತು ಮಾಡಿಸುತ್ತಾರೆ. ಕೊನೆಯ ವಾದದಲ್ಲಿ ವಕೀಲರು ಎತ್ತಿ ಹಿಡಿಯುವುದು ಇವನ್ನೇ. 'ಚೀಫ್ ಮುಗಿದಿದೆ, ಕ್ರಾಸ್ ಡಿಫರ್ಡ್' ಎಂದಿದ್ದ ದಿನ ಪ್ರಾಸಿಕ್ಯೂಷನ್ ಕೇಳಿದ ಪ್ರಶ್ನೆಗಳಿಗೆ (ಚೀಫ್) ಸಾಕ್ಷಿ ಕೊಟ್ಟ ಉತ್ತರವಷ್ಟೇ ದಾಖಲಾಗಿದೆ, ಸಾಕ್ಷ್ಯ ಅರ್ಧವಷ್ಟೇ ಆಗಿದೆ. ಪಾಟೀ ಸವಾಲು ಇನ್ನೂ ಬಾಕಿ. ಅಂದು ಸಂಜೆ ಟಿವಿಯಲ್ಲಿ ಬರುವ 'ಸಾಕ್ಷಿಯಿಂದ ಸ್ಫೋಟಕ ಹೇಳಿಕೆ'ಯನ್ನು ಆ ಅಳತೆಯಲ್ಲೇ ತೂಗಬೇಕು. ಸಾಕ್ಷಿ ಹಾಸ್ಟೈಲ್ ಆದರೆ ಕೇಸು ಬಿತ್ತು ಎನ್ನುವುದೂ ಹಾಗೆಯೇ. ಪ್ರತಿಕೂಲ ಸಾಕ್ಷಿಯ ಮಾತಿನಲ್ಲಿ ನಂಬಲರ್ಹ ಭಾಗವನ್ನು ಕೋರ್ಟ್ ಇಟ್ಟುಕೊಳ್ಳಬಹುದು.

ಒಂದೇ ಕೇಸಿನಲ್ಲಿ ಇಷ್ಟೊಂದು ವಕೀಲರು ಏಕೆ ಎಂಬ ಪ್ರಶ್ನೆಗೂ ಇದೇ ಪುಟದಲ್ಲಿ ಸುಳಿವಿದೆ. ಆರೋಪಿಗಳ ಹಿತ ಒಂದಕ್ಕೊಂದು ವಿರುದ್ಧವಾಗಿರಬಹುದು: 'ಅಲ್ಲಿದ್ದೆ, ಹೊಡೆದವನು ನಾನಲ್ಲ' ಎಂಬುದು ಒಬ್ಬನ ರಕ್ಷಣೆ, ಇನ್ನೊಬ್ಬನಿಗೆ ಉರುಳು. ನಡುವೆ ಒಬ್ಬ ಆರೋಪಿಯ ವಕಾಲತ್ತು ಬದಲಾದರೆ ಅವನ ವಾದದ ದಾರಿಯೂ ಬದಲಾಗುತ್ತಿರಬಹುದು.

ಆ್ಯಪ್‌ನಲ್ಲಿ ಸಿಗದವು: ಚಾರ್ಜ್‌ಶೀಟ್, ಫೋಟೊ, ವಿಧಿವಿಜ್ಞಾನ ವರದಿ. ಸಾಕ್ಷಿ ಹೇಳಿಕೆಯ ಪೂರ್ಣ ಪ್ರತಿಯೂ ಸಾಮಾನ್ಯವಾಗಿ ಸಿಗದು. ಚಾರ್ಜ್‌ಶೀಟ್ ಸಾರ್ವಜನಿಕ ದಾಖಲೆಯಲ್ಲ, ಅದನ್ನು ಜಾಲತಾಣಕ್ಕೆ ಹಾಕಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಎಫ್‌ಐಆರ್ ಹಾಗಲ್ಲ, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂಬ ನಿರ್ದೇಶನ 2016ರಿಂದ ಇದೆ. ಚಾರ್ಜ್‌ಶೀಟ್ ಹೊರಗೆ ಸೋರಿದರೆ ಪೆಟ್ಟು ಬೀಳುವುದು ಎರಡೂ ಕಡೆಗೆ: ಸಾಕ್ಷಿಗಳ ಗುರುತು ಬಯಲಾಗುತ್ತದೆ, ಆರೋಪಿ ಪಾಟೀ ಸವಾಲಿನಲ್ಲಿ ಒಮ್ಮೆಯೂ ಪರೀಕ್ಷಿಸದ ಮಾತುಗಳು ಸತ್ಯವೆಂದು ಮನೆಮನೆಗೆ ತಲುಪುತ್ತವೆ. ದರ್ಶನ್ ಅರ್ಜಿಯ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಚಾರ್ಜ್‌ಶೀಟ್‌ನ ಗೋಪ್ಯ ವಿವರ ಪ್ರಸಾರಕ್ಕೆ ಮಧ್ಯಂತರ ತಡೆ ಕೊಟ್ಟಿತ್ತು. ಆರೋಪಿ ಯಾರೇ ಇರಲಿ, ಇಂಥ ತಡೆ ಬೇಕು. ಸತ್ತವನ ಮನೆಯವರ ಸಂಕಟವೂ ಆ ಸೋರಿಕೆಯಲ್ಲೇ ದಿನದಿನ ಕೆದಕಲ್ಪಡುತ್ತಿತ್ತು.

ಹೈಕೋರ್ಟಿನ ಜಾಮೀನು ವಾದ ನೋಡಬೇಕೆಂದರೆ ಆ್ಯಪ್ ಸಾಲದು, ಹೈಕೋರ್ಟಿನ ಯೂಟ್ಯೂಬ್ ನೇರಪ್ರಸಾರವಿದೆ. ಅದರ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿವೆ. ಸಾಕ್ಷಿ ವಿಚಾರಣೆ ಪ್ರಸಾರವಾಗುವುದಿಲ್ಲ, ಆಗಲೂಬಾರದು. ಮೊದಲ ಸಾಕ್ಷಿಯ ಮಾತನ್ನು ಎರಡನೆಯವರು ಮನೆಯಲ್ಲಿ ಕೂತು ಕೇಳಿದರೆ ವಿಚಾರಣೆಗೆ ಅರ್ಥವಿಲ್ಲ. ನೋಡುವುದಿದ್ದರೆ ವಾದವನ್ನು ಪೂರ್ತಿ ನೋಡಿ. ನ್ಯಾಯಮೂರ್ತಿಗಳು ವಕೀಲರಿಗೆ ಹಾಕುವ ಕಠಿಣ ಪ್ರಶ್ನೆ ಅವರ ತೀರ್ಮಾನವಲ್ಲ, ವಾದವನ್ನು ಉಜ್ಜಿ ನೋಡುವ ರೀತಿ. ನಲವತ್ತು ಸೆಕೆಂಡಿನ ತುಣುಕಿನಲ್ಲಿ ಪ್ರಶ್ನೆ ಇರುತ್ತದೆ, ಉತ್ತರ ಇರುವುದಿಲ್ಲ. ಇಂಥ ತುಣುಕುಗಳನ್ನು ಕತ್ತರಿಸಿ ಹಾಕುವುದಕ್ಕೂ 2024ರ ಸೆಪ್ಟೆಂಬರ್‌ನಲ್ಲೇ ಹೈಕೋರ್ಟ್ ತಡೆ ನೀಡಿತ್ತು.

ಸುಪ್ರೀಂ ಕೋರ್ಟಿನ ಹಂತಕ್ಕೆ ಅದರದೇ ಜಾಲತಾಣ. 2025ರ ಆಗಸ್ಟ್ 14ರ ತೀರ್ಪನ್ನು ಅಲ್ಲಿ ಪೂರ್ತಿ ಓದಬಹುದು, ಡಿಫೆನ್ಸ್ ಕಡೆಯವರಂತೂ ಓದಲೇಬೇಕು. ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಡಲಿಲ್ಲ ಎಂಬ ಅಂಶಕ್ಕೆ ಹೈಕೋರ್ಟ್ ತೂಕ ಕೊಟ್ಟಿತ್ತು. ಅದರಿಂದ ಆರೋಪಿಗೆ ನಿಜವಾಗಿ ತೊಂದರೆಯಾಯಿತೆಂದು ತೋರಿಸದೆ ಜಾಮೀನು ಸಿಗದು ಎಂದಿತು ಸುಪ್ರೀಂ ಕೋರ್ಟ್. ಅದೇ ವರ್ಷ ನವೆಂಬರ್ 6ರ ಮತ್ತೊಂದು ತೀರ್ಪು ಎಲ್ಲ ಅಪರಾಧಗಳಲ್ಲೂ ಕಾರಣಗಳನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು, ತಕ್ಷಣ ಆಗದಿದ್ದರೆ ರಿಮ್ಯಾಂಡ್‌ಗೆ, ಅಂದರೆ ಬಂಧನ ಮುಂದುವರಿಸಲು ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದು ಗಟ್ಟಿಗೊಳಿಸಿದೆ. ಎರಡನ್ನೂ ಜೊತೆಗಿಟ್ಟು ಓದಬೇಕು.

ಬಳಕೆಯ ಎರಡು ಮಾತು. 'ಮೈ ಕೇಸಸ್'ನಲ್ಲಿ ಉಳಿಸಿದ್ದು ಫೋನಿನೊಳಗೇ ಇರುತ್ತದೆ. ರಿಫ್ರೆಶ್ ಒತ್ತದೆ ಕಾಣುವ ದಿನಾಂಕ ಹಳೆಯದಾಗಿರಬಹುದು, ಫೋನ್ ಬದಲಿಸುವ ಮುನ್ನ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಬೇಕು. ಆ್ಯಪ್‌ನಿಂದ ಇಳಿಸಿದ ಆದೇಶ ಮಾಹಿತಿಗಷ್ಟೇ, ಬೇರೆ ಕೋರ್ಟಿಗೆ ಹಾಜರುಪಡಿಸಲು ಕಾಪಿ ವಿಭಾಗದಿಂದ ದೃಢೀಕೃತ ಪ್ರತಿಯೇ ಬೇಕು.

ಹದಿನೇಳು ಆರೋಪಿಗಳಿರುವ ಕೇಸಿನಲ್ಲಿ ಎಲ್ಲರಿಗೂ ಹಿರಿಯ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಎ-10, ಎ-12ರ ಮನೆಯವರಿಗೆ ಕ್ಯಾಮೆರಾದ ಬೆಳಕೂ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ಬಂಧನದಲ್ಲಿರುವ ಯಾರಿಗೇ ಆದರೂ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿದೆ, ಸಹಾಯವಾಣಿ 15100. ವಕೀಲರು ನೇಮಕವಾದ ಮೇಲೆ ಅವರ ಹೆಸರು ಕೇಸಿನ ಪುಟದಲ್ಲಿ ಬಂತೇ ಎಂದು ನೋಡಿ. ಬಾರದಿದ್ದರೆ ವಕಾಲತ್ತು ಅಥವಾ ನೇಮಕ ಪತ್ರ ಕಡತ ಸೇರಿದೆಯೇ ಎಂದು ಬೆಂಚ್ ಕ್ಲರ್ಕ್ ಬಳಿ ವಿಚಾರಿಸಿ. ಒಳಗಿರುವವರ ಕೈಯಲ್ಲಿ ಫೋನ್ ಇರುವುದಿಲ್ಲ. ಮುಲಾಕಾತಿಗೆ ಹೋಗುವಾಗ ಮುಂದಿನ ದಿನಾಂಕ, ಕೇಸಿನ ಹಂತ, ವಕೀಲರ ಹೆಸರು ಮೂರನ್ನೂ ಕನ್ನಡದಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿಹೇಳಿ.