ನಾರ್ಫಕ್ ಕರಾವಳಿಯ ಬಾರ್ನ್ ಮನೆಗಳು: ಒಕ್ಕಣೆ ಬಾರ್ನೋ, ದನದ ಕೊಟ್ಟಿಗೆಯೋ, ತಗಡಿನ ಶೆಡ್ಡೋ?

ಇಂಗ್ಲೆಂಡಿನ ಉತ್ತರ ನಾರ್ಫಕ್ ಕರಾವಳಿಯಲ್ಲಿ ಮನೆ ಹುಡುಕುವವರ ಕಣ್ಣು ಮೊದಲು ಬೀಳುವುದು ಹಳೆಯ ಬಾರ್ನ್‌ಗಳ ಮೇಲೆ. ಒಂದು ಕಾಲಕ್ಕೆ ಗೋಧಿ, ಬಾರ್ಲಿ ಒಕ್ಕುತ್ತಿದ್ದ, ದನ ಕಟ್ಟುತ್ತಿದ್ದ ಕಟ್ಟಡಗಳು ಈಗ ಮನೆಗಳಾಗಿ ಮಾರಾಟಕ್ಕೆ ಬರುತ್ತಿವೆ. ನಾವು ನಾರ್ವಿಚ್‌ನಲ್ಲಿ ಇರುವವರು. ದುಡ್ಡು ಹಾಕುವ ಮೊದಲು ಮೂರು ಬಗೆಯ ಬಾರ್ನ್ ಮನೆಗಳನ್ನು ಬಾಡಿಗೆಗೆ ಹಿಡಿದು ಇದ್ದು ನೋಡಿದೆವು. ಬೇಕಂತಲೇ ಚಳಿಗಾಲದಲ್ಲಿ. ಜೂನ್‌ನಲ್ಲಿ ಇಲ್ಲಿ ಎಲ್ಲ ಮನೆಯೂ ಚೆಂದವೇ. ಹಾವೇರಿ ಕಡೆಯಿಂದ ಬಂದಿದ್ದ ಅಪ್ಪ, ಅವ್ವ ಕೂಡ ಜೊತೆಗಿದ್ದರು. ಮುಂದೆ ವರ್ಷಕ್ಕೆ ಕೆಲವು ತಿಂಗಳು ಅವರೂ ಇಲ್ಲೇ ಇರುವುದರಿಂದ ಅವರ ಮಾತಿಗೂ ಬೆಲೆ ಇತ್ತು.

ಮೊದಲನೆಯದು ವೆಲ್ಸ್ ಪಟ್ಟಣದ ಹತ್ತಿರದ ಹಳ್ಳಿಯ ಒಕ್ಕಣೆ ಬಾರ್ನ್. ಚಕಮಕಿ ಕಲ್ಲಿನ ಗೋಡೆ, ಮೂಲೆಗಳಿಗೆ ಇಟ್ಟಿಗೆ, ಮೇಲೆ ಕೆಂಪು ಹೆಂಚು. ಎದುರುಬದುರಾಗಿ ಎರಡು ಭಾರಿ ಬಾಗಿಲುಗಳಿದ್ದ ಜಾಗದಲ್ಲಿ ಈಗ ನೆಲದಿಂದ ಮಾಡಿನವರೆಗೆ ಗಾಜು. ಅಪ್ಪ ಒಳಗೆ ಬಂದವರೇ ಒಂದು ಬಾಗಿಲು ನೋಡಿದರು, ತಿರುಗಿ ಇನ್ನೊಂದು ನೋಡಿದರು. "ಇಲ್ಲೇ ತೂರತಿದ್ರೇನವ್ವಾ?" ಅಂದರು. ಸರಿಯಾಗಿಯೇ ಹೇಳಿದ್ದರು. ನಡುವಿನ ನೆಲದಲ್ಲಿ ಕಾಳು ಒಕ್ಕಿ, ಎರಡೂ ಬಾಗಿಲು ತೆರೆದರೆ ಗಾಳಿ ಹಾಯ್ದು ಹೊಟ್ಟು ಹಾರಿ ಹೋಗುತ್ತಿತ್ತು. ಒಕ್ಕುವವರೆಗೆ ತೆನೆಯ ಕಟ್ಟುಗಳನ್ನು ಒಟ್ಟಿಡುತ್ತಿದ್ದುದೂ ಇಲ್ಲೇ. ಅದಕ್ಕೇ ಈ ಕಟ್ಟಡ ಇಷ್ಟು ಎತ್ತರ. ಹತ್ತಿರದ ಹೋಕಮ್ ಎಸ್ಟೇಟಿನಲ್ಲಿ ಸ್ಯಾಮ್ಯುಯೆಲ್ ವಯಟ್ ವಿನ್ಯಾಸ ಮಾಡಿದ ದೊಡ್ಡ ಬಾರ್ನ್ 1790ರ ಆಸುಪಾಸಿನದು. ಅದರ ಮುಂದೆ ನಿಂತರೆ ಆ ಕಾಲದ ಬೇಸಾಯ ಎಷ್ಟು ದೊಡ್ಡದಾಗಿತ್ತು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಚೆಂದದ ವಿಷಯಕ್ಕೆ ಬಂದರೆ ಮೂರರಲ್ಲಿ ಇದಕ್ಕೆ ಸಾಟಿ ಇಲ್ಲ. ಬೆಳಗಿನ ಬಿಸಿಲು ಒಂದು ಗಾಜಿನಿಂದ ಬಂದು ತೊಲೆಗಳ ಮೇಲೆ ಬಿದ್ದು ಇನ್ನೊಂದು ಗಾಜಿನವರೆಗೂ ಹೋಗುತ್ತದೆ. ಚಳಿಗಾಲಕ್ಕೆ ಬರುವ ಪಿಂಕ್‌ಫುಟ್ ಹೆಬ್ಬಾತುಗಳು ಕೂಗುತ್ತಾ ಸಾಲು ಸಾಲಾಗಿ ಹಾರುವುದು ಹಾಸಿಗೆಯಿಂದಲೇ ಕಾಣುತ್ತದೆ. ಆದರೆ ಚಳಿ! ಗಾಳಿಯಾಡಲೆಂದೇ ಕಟ್ಟಿದ ಜಾಗ ಅದು. ಕಾಯಿಸಿದ ಗಾಳಿಯೆಲ್ಲ ಮಾಡಿಗೆ ಏರುತ್ತದೆ. ಅಟ್ಟದಂಥ ಮೇಲಂತಸ್ತಿನಲ್ಲಿ ಸೆಕೆ, ಕೆಳಗೆ ಸೋಫಾದಲ್ಲಿ ಕೂತವರಿಗೆ ಕಂಬಳಿ. ಈ ಕಡೆಯ ಹಳ್ಳಿಗಳಲ್ಲಿ ಗ್ಯಾಸ್ ಪೈಪ್ ಇಲ್ಲದಿರುವುದೇ ಹೆಚ್ಚು. ಮನೆ ಕಾಯಿಸಲು ಉರಿಸುವ ಎಣ್ಣೆಯನ್ನು ಹಿತ್ತಲಿನ ಟ್ಯಾಂಕಿಗೆ ಲಾರಿಯಲ್ಲಿ ತರಿಸಬೇಕು. ಅಷ್ಟು ದೊಡ್ಡ ಜಾಗಕ್ಕೆ ಅದು ಬೇಗ ಬೇಗ ಖಾಲಿಯಾಗುತ್ತದೆ.

ಅಡುಗೆಯದು ಇನ್ನೊಂದು ಕಥೆ. ಅಡುಗೆಮನೆ, ಊಟದ ಜಾಗ, ಹಾಲ್ ಎಲ್ಲ ಒಂದೇ. ಬೆಳಿಗ್ಗೆ ಅವ್ವ ಹಾಕಿದ ಒಗ್ಗರಣೆಯ ವಾಸನೆ ರಾತ್ರಿ ಮಲಗುವ ಕೋಣೆಯಲ್ಲೂ ಇತ್ತು. ಒಲೆಯ ಮೇಲಿನ ಫ್ಯಾನ್ ಗಾಳಿಯನ್ನು ಸೋಸಿ ಒಳಗೇ ಬಿಡುವಂಥದ್ದು. ಹೊರಗೆ ಬಿಡಲು ಗೋಡೆಗೆ ತೂತು ಕೊರೆಯಬೇಕು, ಕಟ್ಟಡ ಗ್ರೇಡ್ 2 ಪಟ್ಟಿಯಲ್ಲಿದ್ದರೆ, ಅಂದರೆ ಕಾನೂನಿನ ರಕ್ಷಣೆ ಇರುವ ಹಳೆಯ ಕಟ್ಟಡಗಳ ಪಟ್ಟಿಯಲ್ಲಿದ್ದರೆ, ಅದಕ್ಕೂ ಕೌನ್ಸಿಲ್ (ಸ್ಥಳೀಯ ಆಡಳಿತ) ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಇಂಥ ಕೆಲಸ ಮಾಡಿಸುವುದು ಅಪರಾಧ. ಮಾಡಿನಲ್ಲಿ ಬಾವಲಿಗಳಿದ್ದರೆ ಅವಕ್ಕೂ ಕಾನೂನಿನ ರಕ್ಷಣೆ ಇದೆ. ಇದೇ ಜಿಲ್ಲೆಯ ಪಾಸ್ಟನ್‌ನಲ್ಲಿ 1581ರ ಬಾರ್ನ್ ಒಂದಿದೆ. ಅಪರೂಪದ ಬಾರ್ಬಸ್ಟೆಲ್ ಬಾವಲಿಗಳು ಅಲ್ಲಿ ಮರಿ ಹಾಕುತ್ತವೆ ಅನ್ನುವ ಕಾರಣಕ್ಕೇ ಅದು ಸಂರಕ್ಷಿತ ಜಾಗ. ಇದು ಸರಿಯಾದ ಕಾನೂನೇ. ಇಲ್ಲದಿದ್ದರೆ ಈ ಕಟ್ಟಡಗಳು ಇಷ್ಟರಲ್ಲಿ ಗುರುತು ಸಿಗದಷ್ಟು ಬದಲಾಗಿರುತ್ತಿದ್ದವು.

ಎರಡನೆಯದು ಫೇಕನಮ್ ಕಡೆಯ ತಗಡಿನ ಶೆಡ್. ಉಕ್ಕಿನ ಕಂಬ, ಕಾಂಕ್ರೀಟ್ ನೆಲ. 2014ರಲ್ಲಿ ಬಂದ, ಈಗ ಕ್ಲಾಸ್ ಕ್ಯೂ ಅನ್ನುವ ನಿಯಮದಡಿ ಇಂಥ ಕೃಷಿ ಕಟ್ಟಡಗಳನ್ನು ಪೂರ್ತಿ ಪ್ಲಾನಿಂಗ್ ಅರ್ಜಿ ಇಲ್ಲದೆ ಮನೆ ಮಾಡಬಹುದು. ಪಟ್ಟಿಯಲ್ಲಿರುವ ಕಟ್ಟಡಗಳಿಗೆ, ಸಂರಕ್ಷಿತ ಕರಾವಳಿ ಪ್ರದೇಶಕ್ಕೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ಇಂಥ ಮನೆ ಬೇಕಿದ್ದರೆ ಸಮುದ್ರದಿಂದ ಒಳಗೆ ಹೋಗಲೇಬೇಕು. ಫೇಕನಮ್‌ನಿಂದ ವೆಲ್ಸ್‌ಗೆ ಸುಮಾರು 10 ಮೈಲಿ.

ಸುಖದಲ್ಲಿ ಇದೇ ಮುಂದೆ. ಗೋಡೆಯೊಳಗೆ ಬಿಸಿ ಹಿಡಿದಿಡುವ ದಪ್ಪ ಇನ್ಸುಲೇಷನ್, ಹೊರಗಿನ ಶಾಖವನ್ನು ಒಳಗೆ ತರುವ ಹೀಟ್ ಪಂಪ್, ಎಲ್ಲ ಕೋಣೆಯಲ್ಲೂ ಒಂದೇ ಹದದ ಬೆಚ್ಚಗೆ. ಫ್ಯಾನ್ ಹೊಗೆಯನ್ನು ನೇರ ಹೊರಗೆ ಹಾಕುತ್ತದೆ. ಆದರೂ ನಮಗೆ ಮನಸ್ಸು ಬರಲಿಲ್ಲ. ಒಳಗೆ ಕೂತರೆ ಯಾವ ಊರಲ್ಲಾದರೂ ಇರುವ ಹೊಸ ಮನೆಯೇ. ಸುತ್ತ ಎಷ್ಟೇ ಹೊಲ ಕಂಡರೂ, ಈ ನಿಯಮದಡಿ ಮನೆಗೆ ಸೇರುವ ಅಂಗಳ ಕಟ್ಟಡ ನಿಂತ ಜಾಗಕ್ಕಿಂತ ದೊಡ್ಡದಿರುವಂತಿಲ್ಲ. ಹಿತ್ತಲಿನಲ್ಲೇ ದಿನ ಕಳೆಯುವ ಅವ್ವನಿಗೆ ಅದು ಸಾಲದು.

ಮೂರನೆಯದನ್ನು ಸುಮ್ನೆ ಹೋಲಿಕೆಗೆ ಅಂತ ಹಿಡಿದಿದ್ದೆವು. ಹಳೆಯ ದನದ ಕೊಟ್ಟಿಗೆ. ಒಕ್ಕಣೆ ಬಾರ್ನ್ ಇದ್ದ ಕಡೆ ಅದರ ಅಂಗಳದ ಸುತ್ತ ಇಂಥ ತಗ್ಗು ಮಾಡಿನ ಸಾಲು ಇರುತ್ತದೆ. ಮಾರಾಟದ ಜಾಹೀರಾತಿನಲ್ಲಿ ಇವುಗಳ ಫೋಟೊ ಅಷ್ಟೇನೂ ಸೆಳೆಯುವುದಿಲ್ಲ. ಎತ್ತರ ಇಲ್ಲ, ದೊಡ್ಡ ಗಾಜಿಲ್ಲ. ಇದ್ದು ನೋಡಿದಾಗಲೇ ಗೊತ್ತಾಗಿದ್ದು. ಹಳೆಯ ರೈತರು ಎತ್ತರದ ಬಾರ್ನನ್ನು ಉತ್ತರಕ್ಕೆ ಕಟ್ಟಿ, ದನದ ಅಂಗಳವನ್ನು ದಕ್ಷಿಣಕ್ಕೆ ತೆರೆದಿಡುತ್ತಿದ್ದರು. ಉತ್ತರ ಸಮುದ್ರದ ಗಾಳಿಯನ್ನು ಬಾರ್ನ್ ತಡೆಯುತ್ತದೆ, ದನಗಳಿಗೆ ಬಿಸಿಲು ಸಿಗುತ್ತದೆ. ಅಲ್ಲಿ ಈಗ ಮನುಷ್ಯರು ಇದ್ದಾರೆ, ಬಿಸಿಲು ಹಾಗೇ ಇದೆ. ಜನವರಿಯ ಮಧ್ಯಾಹ್ನ ಒಲೆ ಹಚ್ಚದೆ ಬಾಗಿಲ ಬಳಿ ಕೂತಿದ್ದೆವು. ಮೆಟ್ಟಿಲಿಲ್ಲ, ಅಪ್ಪನ ಮೊಣಕಾಲಿಗೆ ಅದೇ ದೊಡ್ಡ ಸಮಾಧಾನ. ಅಡುಗೆಮನೆಗೆ ಬೇರೆ ಬಾಗಿಲಿದೆ, ಒಗ್ಗರಣೆ ಅಲ್ಲೇ ಉಳಿಯುತ್ತದೆ.

ಕೊರತೆಗಳೂ ಇವೆ. ಕಟ್ಟಡ ಒಂದೇ ಕೋಣೆಯ ಅಗಲ. ರೈಲು ಡಬ್ಬಿಯ ಹಾಗೆ ಕೋಣೆಗಳು ಸಾಲಾಗಿವೆ. ಹಿಂದಿನ ಗೋಡೆಗೆ ಕಿಟಕಿಗಳಿಲ್ಲದೆ ಬಚ್ಚಲು ಕತ್ತಲು. ಅಂಗಳ ನಾಲ್ಕು ಮನೆಯವರಿಗೆ ಸೇರಿದ್ದು. ಎಲ್ಲಕ್ಕಿಂತ ಮುಖ್ಯ, ಗೋಡೆಯ ಉಪ್ಪು. ಎಷ್ಟೋ ವರ್ಷ ದನದ ಗಂಜಲ ಕುಡಿದ ಗೋಡೆಯಲ್ಲಿ ನೈಟ್ರೇಟ್ ಉಳಿದಿರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಗಾರೆ ಬೊಬ್ಬೆ ಎದ್ದು ಉದುರುತ್ತದೆ. ಮೇಲೆ ಸಿಮೆಂಟ್ ಬಳಿದಿದ್ದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಸುಣ್ಣದ ಗಾರೆಯೇ ಬೇಕು. ನೋಡಲು ಹೋದವರು ಸೋಫಾ, ಬೀರು ಸರಿಸಿ ಗೋಡೆಯ ಕೆಳಗಿನ ಒಂದು ಮೀಟರ್ ಕೈಯಿಂದ ಮುಟ್ಟಿ ನೋಡಿ.

ಮೂರಕ್ಕೂ ಅನ್ವಯಿಸುವ ಖರ್ಚು ಒಂದಿದೆ. 6 ಲಕ್ಷ ಪೌಂಡಿನ ಮನೆಗೆ, ಅದೊಂದೇ ನಿಮ್ಮ ಮನೆಯಾದರೆ, 2025ರ ಏಪ್ರಿಲ್‌ನಿಂದ ಸ್ಟಾಂಪ್ ಡ್ಯೂಟಿ 20,000 ಪೌಂಡ್. ಎರಡನೇ ಮನೆಯಾದರೆ 50,000. ಜೊತೆಗೆ ಅಂಥ ಮನೆಗೆ ಕೌನ್ಸಿಲ್‌ಗಳು ದುಪ್ಪಟ್ಟು ತೆರಿಗೆ ಹಾಕಬಹುದು. ರಜೆಗೆ ಮಾತ್ರ ಅಂತ ಕೊಳ್ಳುವವರು ಇದನ್ನು ಮೊದಲೇ ಲೆಕ್ಕ ಹಾಕಲಿ. ಸಮುದ್ರದ ಅಪಾಯವೂ ಇದೆ. ಪೂರ್ವ ಕರಾವಳಿಯ ಹೆಮ್ಸ್‌ಬಿಯಲ್ಲಿ ಸಮುದ್ರ ದಿಬ್ಬವನ್ನು ತಿಂದು ಮನೆಗಳನ್ನೇ ಕೆಡವಬೇಕಾಯಿತು. ವೆಲ್ಸ್ ಕಡೆ ಉಪ್ಪು ಜೌಗು ಅಡ್ಡ ಇದೆ. ಆದರೂ 1953ರ ಜನವರಿ 31 ಮತ್ತು 2013ರ ಡಿಸೆಂಬರ್ 5ರ ರಾತ್ರಿ ನೀರು ಊರೊಳಗೆ ನುಗ್ಗಿತ್ತು. ಪ್ರವಾಹದ ನಕ್ಷೆ ನೋಡದೆ ಮುಂದುವರಿಯಬೇಡಿ.

ನಮ್ಮ ಆಯ್ಕೆ ಕೊಟ್ಟಿಗೆಯೇ. ಒಬ್ಬರೋ ಇಬ್ಬರೋ ಇರುವ, ಖರ್ಚಿಗೆ ಹಿಂದೆಮುಂದೆ ನೋಡದವರಿಗೆ ಒಕ್ಕಣೆ ಬಾರ್ನ್ ಹೇಳಿಮಾಡಿಸಿದ್ದು. ಚಿಕ್ಕ ಮಕ್ಕಳಿದ್ದು ಬಿಲ್ ಕಡಿಮೆ ಬರಬೇಕು ಅನ್ನುವವರಿಗೆ ಶೆಡ್ ಮೇಲು. ವಯಸ್ಸಾದವರು ಇರುವ ಮನೆಗೆ ಕೊಟ್ಟಿಗೆಗಿಂತ ಒಳ್ಳೆಯದು ನಮಗೆ ಕಾಣಲಿಲ್ಲ. ಈಗ ಅಂಥದ್ದೇ ಒಂದಕ್ಕೆ ಬೆಲೆ ಹೇಳಿದ್ದೇವೆ. ಮಾರುವವರಿಂದ ಎರಡು ಕಾಗದ ಕೇಳಿದ್ದೇವೆ. ವರ್ಷಪೂರ್ತಿ ವಾಸಕ್ಕೆ ಅನುಮತಿ ಇದೆಯೋ, ರಜೆ ಬಾಡಿಗೆಗೆ ಮಾತ್ರವೋ ಅನ್ನುವುದು ಒಂದು. ನಾಲ್ಕು ಮನೆಗೂ ಸೇರಿದ ಸೆಪ್ಟಿಕ್ ಟ್ಯಾಂಕಿನ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ಇನ್ನೊಂದು. 2020ರ ಜನವರಿಯಿಂದ ಅದನ್ನು ನೇರ ಹಳ್ಳಕ್ಕೆ ಬಿಡುವಂತಿಲ್ಲ. ಅವು ಕೈಗೆ ಬಂದ ಮೇಲೆ ಗೋಡೆಯ ಉಪ್ಪಿನ ಪರೀಕ್ಷೆಗೆ ಕಟ್ಟಡ ನೋಡುವ ಸರ್ವೇಯರನ್ನು ಕರೆಸುತ್ತೇವೆ.