ಕಂಠೀರವದ ಪಂದ್ಯಕ್ಕೆ ಕರಾವಳಿಯಿಂದ: ಯಾವ ಬಸ್ಸು, ಯಾವ ರೈಲು, ಎಲ್ಲಿ ಕೈ ಸುಡುತ್ತದೆ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ಫುಟ್‌ಬಾಲ್ ಆಟ ನೋಡಲು ಮಂಗಳೂರು, ಉಳ್ಳಾಲ, ಉಡುಪಿ ಕಡೆಯಿಂದ ಹೊರಡುವವರಿಗೆ ಪಂದ್ಯದ ಟಿಕೆಟ್ಟಿನ ಖರ್ಚು ಸಣ್ಣದು. ಜೇಬು ಖಾಲಿ ಮಾಡುವುದು ದಾರಿ. ಅದರಲ್ಲೂ ಹೋಗುವ ದಾರಿಗಿಂತ ಬರುವ ದಾರಿ. ಮಂಗಳೂರಿನಿಂದ ಬೆಂಗಳೂರಿಗೆ ಶಿರಾಡಿ ಘಾಟಿಯ ಮೇಲೆ ಸುಮಾರು 350 ಕಿಲೋಮೀಟರ್, ಉಡುಪಿಯಿಂದ 400ರ ಹತ್ತಿರ. ಇಷ್ಟು ದೂರಕ್ಕೆ ಬಸ್ಸು, ರೈಲು, ಬಾಡಿಗೆ ಗಾಡಿ ಎಲ್ಲವೂ ಇವೆ. ಆದರೆ ಫುಟ್‌ಬಾಲ್ ನೋಡಲು ಹೋಗುವವರ ಕಣ್ಣಿನಿಂದ ನೋಡಿದರೆ ಇವು ಒಂದೇ ತೂಕದವಲ್ಲ. ರೆಫ್ರಿ ಕೊನೆಯ ವಿಶಲ್ ಊದಿದ ಮೇಲೆ ಸಿಗುವ ಎರಡು ಗಂಟೆಯಲ್ಲಿ ಯಾವ ಸೇವೆ ಕೈ ಹಿಡಿಯುತ್ತದೆ, ಯಾವುದು ನಡುದಾರಿಯಲ್ಲಿ ಬಿಡುತ್ತದೆ ಎಂಬುದನ್ನೇ ಇಲ್ಲಿ ಅಳೆದಿದ್ದೇವೆ.

ಮೊದಲು ರೈಲು. ಹಣದ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ. ಸ್ಲೀಪರ್ ಕ್ಲಾಸಿನ ಟಿಕೆಟ್ಟು ಯಾವ ಸ್ಲೀಪರ್ ಬಸ್ಸಿಗಿಂತಲೂ ಅಗ್ಗ. ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್ ರಾತ್ರಿ ಮಂಗಳೂರು ಬಿಟ್ಟು ಬೆಳಿಗ್ಗೆ ಮೆಜೆಸ್ಟಿಕ್ಕಿಗೆ ತಂದು ಬಿಡುತ್ತದೆ. ಉಡುಪಿಯವರಿಗೆ ಕಾರವಾರದಿಂದ ಬರುವ ಪಂಚಗಂಗಾ ಇದೆ. ಮುರ್ಡೇಶ್ವರ ಎಕ್ಸ್‌ಪ್ರೆಸ್ ಮೈಸೂರು ಸುತ್ತಿಕೊಂಡು ಎಸ್‌ಎಂವಿಟಿಗೆ (ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್) ಹೋಗುತ್ತದೆ. ಹೊತ್ತು ಜಾಸ್ತಿ ಹಿಡಿದರೂ ಅಲ್ಲಿಂದ ಬೈಯಪ್ಪನಹಳ್ಳಿ ಮೆಟ್ರೊ ಹತ್ತಿದರೆ ನೇರಳೆ ಮಾರ್ಗದಲ್ಲಿ ಬದಲಾಯಿಸದೆ ಕಬ್ಬನ್ ಪಾರ್ಕ್ ತಲುಪಬಹುದು. ಹೋಗಲಿಕ್ಕೆ ಇವು ಚೆನ್ನ. ಬರುವಾಗಲೇ ತೊಡಕು. ಸಂಜೆ 7.30ರ ಪಂದ್ಯ ಮುಗಿಯುವಾಗ 9.20–9.30. ಮೆಜೆಸ್ಟಿಕ್ಕಿನಿಂದ ಕಣ್ಣೂರು ಎಕ್ಸ್‌ಪ್ರೆಸ್ ಹೊರಡುವುದೂ ಒಂಬತ್ತೂವರೆ ಸುಮಾರಿಗೆ. ಉಳಿದೆರಡು ಅದಕ್ಕಿಂತ ಮೊದಲೇ ಹೋಗಿರುತ್ತವೆ. ಎಂಬತ್ತನೇ ನಿಮಿಷಕ್ಕೆ ಎದ್ದು ಓಡುವವರಿದ್ದಾರೆ. 350 ಕಿಲೋಮೀಟರ್ ಬಂದು ಕೊನೆಯ ಹತ್ತು ನಿಮಿಷ ಬಿಟ್ಟು ಹೋಗುವುದು ನಮ್ಮ ಪ್ರಕಾರ ಲೆಕ್ಕವೇ ಅಲ್ಲ. ಸಂಜೆ 5ರ ಪಂದ್ಯವಾದರೆ ಮಾತು ಬೇರೆ. ಏಳಕ್ಕೆ ಹೊರಬಿದ್ದು, ಊಟ ಮುಗಿಸಿ, ಕಣ್ಣೂರು ಎಕ್ಸ್‌ಪ್ರೆಸ್ ಆರಾಮಾಗಿ ಹಿಡಿಯಬಹುದು. ಆದ್ದರಿಂದ ವೇಳಾಪಟ್ಟಿ ಬಂದ ಕೂಡಲೇ ಎದುರಾಳಿ ಯಾರು ಎಂದು ನೋಡುವುದರ ಜೊತೆಗೆ ಕಿಕ್‌ಆಫ್ ಎಷ್ಟಕ್ಕೆ ಎಂದೂ ನೋಡಿ.

ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ವೇಳಾಪಟ್ಟಿ ಬರುವಷ್ಟರಲ್ಲಿ ವಾರಾಂತ್ಯದ ಸೀಟು ವೇಟಿಂಗ್ ಲಿಸ್ಟಿಗೆ ಇಳಿದಿರುವುದು ಮಾಮೂಲು. ಆಗ ಉಳಿಯುವುದು ತತ್ಕಾಲ್: ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಸ್ಲೀಪರಿನಲ್ಲಿ 100ರಿಂದ 200 ರೂಪಾಯಿ ಹೆಚ್ಚಿಗೆ ತೆರಬೇಕು, ಕನ್ಫರ್ಮ್ ಆದ ತತ್ಕಾಲ್ ರದ್ದು ಮಾಡಿದರೆ ಹಣ ವಾಪಸ್ ಇಲ್ಲ. ಪಂದ್ಯ ಮುಂದಕ್ಕೆ ಹೋದರೆ ಆ ದುಡ್ಡು ಹೋದಂತೆಯೇ.

ಇನ್ನು ನಾಕೌಟ್, ಅಂದರೆ ಸೋತವರು ಹೊರಬೀಳುವ ಪಂದ್ಯಗಳು. 90 ನಿಮಿಷದ ಲೆಕ್ಕ ಹಿಡಿದು ಬಸ್ಸು ಬುಕ್ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ. 2023ರ ಒಂದೇ ವರ್ಷ ನೋಡಿ. ಮಾರ್ಚ್ 3ರಂದು ಐಎಸ್‌ಎಲ್ ಲೀಗಿನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಎಕ್ಸ್‌ಟ್ರಾ ಟೈಮ್‌ನಲ್ಲಿ ಸುನಿಲ್ ಛೆಟ್ರಿಯ ಫ್ರೀ ಕಿಕ್, ಎದುರಾಳಿ ತಂಡ ಮೈದಾನ ಬಿಟ್ಟು ನಡೆದದ್ದು. ಮಾರ್ಚ್ 12ರಂದು ಮುಂಬೈ ಸಿಟಿ ವಿರುದ್ಧದ ಸೆಮಿಫೈನಲ್ ಪೆನಾಲ್ಟಿಯಲ್ಲಿ 9–8. ಜುಲೈಯಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್: ಭಾರತಕ್ಕೆ ಲೆಬನಾನ್ ವಿರುದ್ಧದ ಸೆಮಿಫೈನಲ್, ಕುವೈತ್ ವಿರುದ್ಧದ ಫೈನಲ್, ಎರಡೂ ಪೆನಾಲ್ಟಿಗೇ ಹೋದವು. ಇವೆಲ್ಲ ನಡೆದದ್ದು ಕಂಠೀರವದಲ್ಲೇ. ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಸೇರಿದರೆ ಇನ್ನೊಂದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹಾಗಾಗಿ ಲೀಗ್ ಪಂದ್ಯಕ್ಕೆ ಮೆಜೆಸ್ಟಿಕ್ಕಿನಿಂದ 10.45ರ ನಂತರದ ಬಸ್ಸು, ನಾಕೌಟ್‌ಗೆ 11.30ರ ನಂತರದ್ದು. ಇದಕ್ಕಿಂತ ಮೊದಲಿನದು ನೂರಿನ್ನೂರು ಅಗ್ಗಕ್ಕೆ ಸಿಕ್ಕರೂ ತೆಗೆದುಕೊಳ್ಳಬೇಡಿ.

ಬಸ್ಸುಗಳಲ್ಲಿ ನಮ್ಮ ಮೊದಲ ಮತ ಕೆಎಸ್ಸಾರ್ಟಿಸಿಗೆ. ಮಂಗಳೂರಿನ ಬಿಜೈ ನಿಲ್ದಾಣದಿಂದ ಸಾಮಾನ್ಯ ಕರ್ನಾಟಕ ಸಾರಿಗೆಯಿಂದ ಹಿಡಿದು ರಾಜಹಂಸ, ನಾನ್ ಎಸಿ ಸ್ಲೀಪರ್, ಐರಾವತ, ಅಂಬಾರಿವರೆಗೆ ಎಲ್ಲ ದರ್ಜೆಯೂ ಸಿಗುತ್ತದೆ. ದರ ಹತ್ತು ನಿಮಿಷಕ್ಕೊಮ್ಮೆ ಏರಿಳಿಯುವುದಿಲ್ಲ ಎಂಬುದೇ ದೊಡ್ಡ ನೆಮ್ಮದಿ. 2025ರ ಜನವರಿ 5ರಿಂದ ದರ ಶೇ 15 ಏರಿದೆ, ಆದರೂ ಕಣ್ಣೆದುರು ಇರುವ ದರ. ಹೆಚ್ಚಿನವರು ಬಳಸದೆ ಬಿಡುವ ಎರಡು ರಿಯಾಯಿತಿಗಳಿವೆ. ನಾಲ್ಕು ಅಥವಾ ಹೆಚ್ಚು ಮಂದಿಗೆ ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸಿದರೆ ಶೇ 5. ಹೋಗುವುದು, ಬರುವುದು ಎರಡನ್ನೂ ಒಟ್ಟಿಗೆ ಕಾಯ್ದಿರಿಸಿದರೆ ಬರುವ ಟಿಕೆಟ್ಟಿನ ಮೇಲೆ ಶೇ 10. ಗೆಳೆಯರು ನಾಲ್ಕು ಮೊಬೈಲಿನಲ್ಲಿ ನಾಲ್ಕು ಟಿಕೆಟ್ ಮಾಡಿಕೊಂಡರೆ ಮೊದಲನೆಯದು ತಪ್ಪುತ್ತದೆ; ಒಬ್ಬರು ಮಾಡಿ ಉಳಿದವರು ಗೂಗಲ್ ಪೇ ಮಾಡಲಿ.

ಆಟ ನೋಡಲು ಹೋಗುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ. ಆಧಾರ್‌ನಂಥ ಗುರುತಿನ ಚೀಟಿ ತೋರಿಸಿದರೆ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಬೆಂಗಳೂರಿನವರೆಗೂ ಉಚಿತ, ಊರೊಳಗೆ ಬಿಎಂಟಿಸಿಯ ಸಾಮಾನ್ಯ ಬಸ್ಸೂ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ರಾತ್ರಿಯಿಡೀ ಕೂತು ಬರುವ ಸೀಟು, ಬೆನ್ನಿಗೆ ಸುಖವಿಲ್ಲ, ನಿಜ. ಆದರೂ ಕಾಲೇಜು ಹುಡುಗಿಯೊಬ್ಬಳು ಬರೀ ಪಂದ್ಯದ ಟಿಕೆಟ್ಟಿನ ದುಡ್ಡಿನಲ್ಲಿ ಕಂಠೀರವಕ್ಕೆ ಹೋಗಿಬರಬಹುದು ಎಂಬುದು ಸಣ್ಣ ಮಾತಲ್ಲ.

ಖಾಸಗಿ ಎಸಿ ಸ್ಲೀಪರುಗಳ ದರಕ್ಕೆ ತಲೆಬುಡ ಇಲ್ಲ ಎನ್ನುತ್ತಾರೆ. ಹಾಗಲ್ಲ, ಅದಕ್ಕೊಂದು ದಿಕ್ಕಿದೆ, ಆ ದಿಕ್ಕು ತಿಳಿದರೆ ಲಾಭವಿದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರಿನವರು ಶುಕ್ರವಾರ ರಾತ್ರಿ ಊರಿಗೆ ಬರುತ್ತಾರೆ, ಭಾನುವಾರ ರಾತ್ರಿ ವಾಪಸ್ ಹೋಗುತ್ತಾರೆ. ದರ ಏರುವುದು ಆ ಎರಡು ಸಾಲಿನಲ್ಲಿ. ಪಂದ್ಯಕ್ಕೆ ಹೋಗುವವರು ಇದಕ್ಕೆ ಸರಿಯಾಗಿ ಉಲ್ಟಾ: ಶನಿವಾರದ ಆಟಕ್ಕೆ ಶುಕ್ರವಾರ ರಾತ್ರಿ ಮಂಗಳೂರು ಬಿಟ್ಟು ಶನಿವಾರ ರಾತ್ರಿ ಬೆಂಗಳೂರು ಬಿಡುವುದು, ಭಾನುವಾರದ ಆಟಕ್ಕೆ ಶನಿವಾರ ಹೋಗಿ ಭಾನುವಾರ ಬರುವುದು. ಖಾಲಿ ಓಡುವ ಬಸ್ಸಿನಲ್ಲಿ ಸೀಟು ತುಂಬಿಸಬೇಕಾದ ದಿನ ಅವರೇ ದರ ಇಳಿಸುತ್ತಾರೆ. ಕೈ ಸುಡುವುದು ಶುಕ್ರವಾರದ ಪಂದ್ಯ. ಆ ರಾತ್ರಿ ಇಡೀ ಕರಾವಳಿಯೇ ಊರಿಗೆ ಹೊರಟಿರುತ್ತದೆ, ಬಾಯಿಗೆ ಬಂದ ರೇಟು. ದೀಪಾವಳಿ, ಕ್ರಿಸ್ಮಸ್, ವರ್ಷದ ಕೊನೆ, ಮೂರು ದಿನ ರಜೆ ಸೇರಿದ ವಾರಾಂತ್ಯಗಳಲ್ಲಂತೂ ಈ ಯಾವ ಲೆಕ್ಕವೂ ನಡೆಯದು. ಅಂಥ ದಿನ ಸರ್ಕಾರಿ ಬಸ್ಸಿಗೇ ಮೊದಲು ಕೈ ಹಾಕಿ. ಆ್ಯಪಿನಲ್ಲಿ ಮೊದಲು ಕಾಣುವ ದರವನ್ನೂ ನಂಬಬೇಡಿ. ಎಸಿ ಬಸ್ಸಿಗೆ ಶೇ 5 ಜಿಎಸ್‌ಟಿ ಇದೆ, ನಾವು ಗುರುತು ಹಾಕದಿದ್ದರೂ ಕೆಲವೊಮ್ಮೆ ಅಂಟಿಕೊಂಡಿರುವ ವಿಮೆ ಇದೆ; ಹಣ ಕಟ್ಟುವ ಪುಟದಲ್ಲಿ ಅದನ್ನು ತೆಗೆದು ಹಾಕಿ.

ಬಸ್ಸು ಯಾವುದೇ ಇರಲಿ, ಬರುವಾಗ ಹತ್ತುವ ಪಾಯಿಂಟ್ ತುಮಕೂರು ರಸ್ತೆಯ ಗೊರಗುಂಟೆಪಾಳ್ಯ ಇಡಿ. ಈ ಒಂದು ಬದಲಾವಣೆಯಿಂದ ಉಳಿಯುವ ದುಡ್ಡು, ತಪ್ಪುವ ಗಾಬರಿ ಬೇರೆ ಯಾವುದರಿಂದಲೂ ಇಲ್ಲ. ಮೆಜೆಸ್ಟಿಕ್ ಅಥವಾ ಆನಂದರಾವ್ ಸರ್ಕಲ್ ಬಿಟ್ಟ ಬಸ್ಸು ಯಶವಂತಪುರ ದಾಟಿ ಗೊರಗುಂಟೆಪಾಳ್ಯಕ್ಕೆ ಬರಲು ಅರ್ಧ ಗಂಟೆಯಾದರೂ ಬೇಕು, ರಶ್ಶಿದ್ದರೆ ಮುಕ್ಕಾಲು. ನೀವು ಅಷ್ಟರಲ್ಲಿ ಮೆಟ್ರೊದಲ್ಲಿ ಅಲ್ಲಿರುತ್ತೀರಿ. ಕಂಠೀರವದಿಂದ ಹೊರಬಿದ್ದು ಕಸ್ತೂರ್ಬಾ ರಸ್ತೆಯಲ್ಲೇ, ವಿಶ್ವೇಶ್ವರಯ್ಯ ಮ್ಯೂಸಿಯಂ ಎದುರು ಹಾದು, ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ 15–20 ನಿಮಿಷ ನಡಿಗೆ. ಪಾರ್ಕಿನ ಒಳಗಿನ ಅಡ್ಡದಾರಿ ರಾತ್ರಿ ಬೇಡ. ಅಲ್ಲಿಂದ ಮೂರು ಸ್ಟಾಪಿಗೆ ಮೆಜೆಸ್ಟಿಕ್, ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಲು ಐದಾರು ನಿಮಿಷ, ಮತ್ತೆ ನೇರ ಗೊರಗುಂಟೆಪಾಳ್ಯ. ರೈಲು ಕಾಯುವುದೂ ಸೇರಿ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಇದರಲ್ಲೂ ಎಡವುವ ಜಾಗವಿದೆ: ಖಾಸಗಿ ಬಸ್ಸಿನವರ ಪಾಯಿಂಟ್ ಎಂದರೆ ಮೆಟ್ರೊ ನಿಲ್ದಾಣದ ಕೆಳಗೇ ಎಂದಲ್ಲ. ಫ್ಲೈಓವರಿನ ಕೆಳಗೋ, ಸರ್ವಿಸ್ ರಸ್ತೆಯ ಪೆಟ್ರೋಲ್ ಬಂಕಿನ ಎದುರೋ ನಿಲ್ಲಿಸುತ್ತಾರೆ. ಬಸ್ಸಿನ ನಂಬರ್, ಸಿಬ್ಬಂದಿಯ ಫೋನು ಮೆಸೇಜಿನಲ್ಲಿ ಬಂದ ಕೂಡಲೇ ಕರೆ ಮಾಡಿ ಯಾವ ಬದಿ ಎಂದು ಕೇಳಿ. ಎರಡು ತಾಸು ವಿಡಿಯೊ ಮಾಡಿ ಆ ಹೊತ್ತಿಗೆ ಫೋನು ಸತ್ತಿದ್ದರೆ ಉಪಾಯವಿಲ್ಲ. ಸೆಕೆಂಡ್ ಹಾಫ್‌ನಲ್ಲಿ ಫೋನು ಜೇಬಿನಲ್ಲಿರಲಿ.

ಊರೊಳಗಿನ ಖರ್ಚಿಗೆ ಬರೋಣ. 2025ರ ಫೆಬ್ರುವರಿಯ ಪರಿಷ್ಕರಣೆ ಆದ ಮೇಲೆ ಮೆಟ್ರೊ ಎರಡು ಕಿಲೋಮೀಟರಿಗೆ 10, ನಾಲ್ಕರವರೆಗೆ 20 ರೂಪಾಯಿ, ಗರಿಷ್ಠ 90. ಮೆಜೆಸ್ಟಿಕ್–ಕಬ್ಬನ್ ಪಾರ್ಕ್ ಇಪ್ಪತ್ತರೊಳಗೆ ಮುಗಿಯುತ್ತದೆ, ಗೊರಗುಂಟೆಪಾಳ್ಯಕ್ಕೆ 50–60 ಹಿಡಿಯಿರಿ. ಆಟೊಗೆ 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಕಂಠೀರವದಿಂದ ಮೆಜೆಸ್ಟಿಕ್ ಸುಮಾರು ಮೂರು ಕಿಲೋಮೀಟರ್, ಅಂದರೆ 54 ರೂಪಾಯಿ, ಹತ್ತರ ನಂತರ 81. ಗೇಟಿನ ಎದುರು ನಿಂತ ಆಟೊದವರು ಈ ಲೆಕ್ಕಕ್ಕೆ ಒಪ್ಪುವುದು ಕಡಿಮೆ, ಆ್ಯಪಿನಲ್ಲೂ ಟಿಪ್ ಸೇರಿಸಿದರೆ ಮಾತ್ರ ಬರುತ್ತಾರೆ. ಜನ ಒಟ್ಟಿಗೆ ಹೊರಬಂದ ಹತ್ತು ನಿಮಿಷ ಅಲ್ಲಿ ನಿಲ್ಲಲೇಬೇಡಿ. ಕಾರ್ಪೊರೇಷನ್ ಸರ್ಕಲ್ಲಿಗೆ ನಡೆದುಬಿಟ್ಟರೆ ಮೆಜೆಸ್ಟಿಕ್ ಬಿಎಂಟಿಸಿ ಸಿಗುತ್ತದೆ.

ಬೆಳಿಗ್ಗೆಯ ಲೆಕ್ಕದಲ್ಲಿ ಭಾನುವಾರ ತಪ್ಪು ಮಾಡಿಸುತ್ತದೆ. ಉಳಿದ ದಿನ ಮೆಟ್ರೊ ಐದರ ಸುಮಾರಿಗೇ ಶುರು, ಭಾನುವಾರ ಮಾತ್ರ ಏಳಕ್ಕೆ. ಐದೂವರೆಗೆ ಇಳಿಸಿದ ಬಸ್ಸಿನ ಪಕ್ಕ ಆಟೊಗಳು ಇದನ್ನು ತಿಳಿದೇ ನಿಂತಿರುತ್ತವೆ. ಹೇಗೂ ಪಂದ್ಯ ಸಂಜೆ. ಮೆಜೆಸ್ಟಿಕ್ಕಿನಲ್ಲೇ ಮುಖ ತೊಳೆದು, ಕಾಫಿ ತಿಂಡಿ ಮುಗಿಸಿ ಮೆಟ್ರೊ ಹತ್ತಿದರೆ ನೂರಿನ್ನೂರು ಉಳಿಯಿತು.

ಬ್ಯಾಗಿನ ವಿಷಯ ಚಿಕ್ಕದು, ಆದರೆ ತಪ್ಪದೆ ಕಾಡುತ್ತದೆ. ದೊಡ್ಡ ಬ್ಯಾಗು, ನೀರಿನ ಬಾಟಲಿ, ಹೆಲ್ಮೆಟ್ ಗೇಟಿನೊಳಗೆ ಬಿಡುವುದಿಲ್ಲ. ರೈಲ್ವೆ ಕ್ಲೋಕ್ ರೂಮಿಗೆ ರೈಲಿನ ಟಿಕೆಟ್ ಬೇಕು, ಬ್ಯಾಗಿಗೆ ಬೀಗ ಇರಬೇಕು. ಬಸ್ಸಿನಲ್ಲಿ ಬಂದವರಿಗೆ ಅದು ಸಿಗದು. ರಾತ್ರಿ ಹೋಗಿ ರಾತ್ರಿ ಬರುವವರು ಜರ್ಸಿ ಹಾಕಿಕೊಂಡೇ ಹೊರಡಿ, ಒಂದು ತೆಳ್ಳಗಿನ ಬೆಡ್‌ಶೀಟು ಬಿಟ್ಟು ಬೇರೆ ಹೊರೆ ಬೇಡ.

ಟಿಟಿ (ಟೆಂಪೋ ಟ್ರಾವೆಲರ್) ಬಾಡಿಗೆ ಮಾಡಿ ಹೋಗುವ ಯೋಚನೆ ಪ್ರತಿ ದೊಡ್ಡ ಪಂದ್ಯಕ್ಕೂ ಎದ್ದೇ ಏಳುತ್ತದೆ. ಕಿಲೋಮೀಟರಿಗೆ 20 ರೂಪಾಯಿ ಎಂದು ಹಿಡಿದರೂ 700 ಕಿಲೋಮೀಟರಿಗೆ 14,000. ಬ್ರಹ್ಮರಕೂಟ್ಲುವಿನಿಂದ ನೆಲಮಂಗಲದವರೆಗಿನ ಟೋಲು, ಡ್ರೈವರ್ ಬಾಟಾ, ಪಾರ್ಕಿಂಗ್ ಬೇರೆ. ಹನ್ನೆರಡು ಜನ ಪೂರ್ತಿ ಇದ್ದರೆ ತಲೆಗೆ 1,300–1,400, ಇದು ಸ್ಲೀಪರ್ ಬಸ್ಸಿನ ಹೋಗಿಬರುವ ಖರ್ಚಿಗಿಂತ ಕಡಿಮೆಯೇ. ಆದರೆ ಹೊರಡುವ ಹಿಂದಿನ ದಿನ ಮೂವರು ಕೈ ಕೊಟ್ಟರೆ ಉಳಿದ ಒಂಬತ್ತು ಮಂದಿಯ ಮೇಲೆ ಬೀಳುತ್ತದೆ. ಹಣ ಮುಂಚಿತವಾಗಿ ಸಂಗ್ರಹಿಸದೆ ಗಾಡಿ ಹೇಳಬೇಡಿ. ಇಡೀ ದಿನ ಓಡಿಸಿದ ಡ್ರೈವರನ್ನು ಅದೇ ರಾತ್ರಿ ಶಿರಾಡಿಗೆ ಇಳಿಸುವುದು ಸಲ್ಲ. ಅವರು ಮಧ್ಯಾಹ್ನ ಮಲಗಲು ಜಾಗ, ಹೊತ್ತು ಎರಡೂ ಮಾಡಿಕೊಡಿ. ಇಲ್ಲವಾದರೆ ಟಿಟಿಯೇ ಬೇಡ.

ಈ ಖರ್ಚೆಲ್ಲ ಅಭಿಮಾನಿಯ ತಲೆಗೇ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. 2024ರ ಯೂರೊ ಫುಟ್‌ಬಾಲ್ ಟೂರ್ನಿಯಲ್ಲಿ ಪಂದ್ಯದ ಟಿಕೆಟ್ ಇದ್ದವರಿಗೆ 36 ಗಂಟೆ ಸ್ಥಳೀಯ ಬಸ್ಸು, ರೈಲು ಉಚಿತವಿತ್ತು. 2022ರ ವಿಶ್ವಕಪ್‌ನಲ್ಲಿ ಕತಾರಿನ ಮೆಟ್ರೊ ಹಯ್ಯಾ ಕಾರ್ಡ್ ಎಂಬ ಅಭಿಮಾನಿ ಗುರುತಿನ ಚೀಟಿ ಇದ್ದವರಿಗೆ ಉಚಿತವಿತ್ತು. ಬೆಂಗಳೂರಿನಲ್ಲಿ 2024ರ ಐಪಿಎಲ್ ದಿನಗಳಲ್ಲಿ ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆಯಿಂದ ಎಲ್ಲಿಗೆ ಹೋದರೂ 50 ರೂಪಾಯಿಯ ವಾಪಸಾತಿ ಟಿಕೆಟ್ ಕೊಟ್ಟಿದ್ದರು. ದೂರ ಹೋಗುವವರಿಗೆ ಅದು ಲಾಭ, ಸರತಿ ಸಾಲೂ ಇಲ್ಲ. ಅದೇ ನಿಲ್ದಾಣದಿಂದ ಒಂದೂಕಾಲು ಕಿಲೋಮೀಟರಿನಲ್ಲಿರುವ ಕಂಠೀರವದ ಪಂದ್ಯಗಳಿಗೂ ಅಂಥದೊಂದು ಟಿಕೆಟ್ ಬೇಕು ಎಂದು ಕೇಳುವ ಹಕ್ಕು ಫುಟ್‌ಬಾಲಿನವರಿಗೂ ಇದೆ.

ಮಳೆಗಾಲದಲ್ಲಿ ಪಂದ್ಯ ಬಿದ್ದರೆ ಮೇಲಿನ ಸಮಯಗಳೆಲ್ಲ ಬದಲಾಗುತ್ತವೆ. 2024ರ ಜುಲೈ ಕೊನೆಯಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದಿತ್ತು, ಜುಲೈ 26ರಂದು ಯಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯೂ ಕುಸಿದಿತ್ತು. ರಸ್ತೆ ಮುಚ್ಚಿದರೆ ದೊಡ್ಡ ಬಸ್ಸುಗಳಿಗೆ ಉಳಿಯುವುದು ಸಂಪಾಜೆ–ಮಡಿಕೇರಿ–ಮೈಸೂರು ದಾರಿ, ಎರಡು ಮೂರು ಗಂಟೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಂದ್ಯದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಆಫೀಸು, ಪರೀಕ್ಷೆ ಇದ್ದರೆ ಹೋಗಬೇಡಿ. ಉಡುಪಿ, ಕುಂದಾಪುರದವರಿಗೆ ಇದರ ಮೇಲೆ ಇನ್ನೂ ಒಂದೂವರೆ, ಎರಡು ಗಂಟೆ. ನೇರ ಬಸ್ಸು ಸಿಗದೆ ಮಂಗಳೂರಿಗೆ ಟಿಕೆಟ್ ಮಾಡಿದವರು ಉಡುಪಿ ಬಸ್ಸು ಎಲ್ಲಿ ಸಿಗುತ್ತದೆ ಎಂದು ಮೊದಲೇ ಕೇಳಿ ಇಳಿಯಿರಿ.