ಓಪಿಎನ್‌ಸೆನ್ಸ್ ಫೈರ್‌ವಾಲ್: ಬಾರದ ಮೇಲ್ ಎಲ್ಲಿ ನಿಂತಿದೆ ಅಂತ ತೋರಿಸುವ ಪೆಟ್ಟಿಗೆ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಡಿಸೈನ್ ಮಾಡುವವರು, ಬಿಲ್ಲಿಂಗ್‌ನವರು, ಮೆಷಿನ್ ಪಕ್ಕದ ಒಂದು ಕಂಪ್ಯೂಟರ್, ಇಷ್ಟೇ ನೆಟ್‌ವರ್ಕ್. ಮೇಲ್ ಸರ್ವರ್ ಮಾತ್ರ ನಮ್ಮದೇ. ಗಿರಾಕಿಗಳು ದೊಡ್ಡ ದೊಡ್ಡ ಪಿಡಿಎಫ್ ಕಳಿಸುತ್ತಾರೆ, ಅವನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಕಾಗುತ್ತದೆ. ಅದಕ್ಕಾಗಿ ಡೆಬಿಯನ್ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸಿ, ಪಡೆಯುವ ತಂತ್ರಾಂಶ) ಮತ್ತು ಡವ್‌ಕಾಟ್ (ಬಂದ ಮೇಲ್ ಇಟ್ಟು ಓದಲು ಕೊಡುವ ತಂತ್ರಾಂಶ) ಹಾಕಿಕೊಂಡಿದ್ದೇವೆ. ಅದರ ಮುಂದೆ ಕಾವಲಿಗೆ ಇರುವುದು ಓಪಿಎನ್‌ಸೆನ್ಸ್. ಹಲವು ವರ್ಷ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ವೇಗ, ವಿಪಿಎನ್ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಹೊರಗಿನಿಂದ ಬರುವ ಮೇಲ್ ನಿಂತಾಗ ಇದು ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದೇ ನನ್ನ ವಿಷಯ.

ಓಪಿಎನ್‌ಸೆನ್ಸ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್ ಮೇಲೆ ನಡೆಯುವ ಓಪನ್ ಸೋರ್ಸ್ ಫೈರ್‌ವಾಲ್. ಪಿಎಫ್‌ಸೆನ್ಸ್ ಅನ್ನುವ ಇನ್ನೊಂದು ಫೈರ್‌ವಾಲ್‌ನಿಂದ ಕವಲೊಡೆದು 2015ರ ಜನವರಿಯಲ್ಲಿ ಮೊದಲ ಆವೃತ್ತಿ ಬಂತು. ಹಿಂದಿರುವುದು ನೆದರ್‌ಲ್ಯಾಂಡ್ಸ್‌ನ ಡೆಸಿಸೊ ಕಂಪನಿ. ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ನಾವು ಫ್ಯಾನ್ ಇಲ್ಲದ ಸಣ್ಣ ಪೆಟ್ಟಿಗೆಗೆ ಹಾಕಿಕೊಂಡಿದ್ದೇವೆ, 8 ಜಿಬಿ ರ್‍ಯಾಮ್, ಇಂಟೆಲ್ ನೆಟ್‌ವರ್ಕ್ ಪೋರ್ಟ್‌ಗಳು. ಪೋರ್ಟ್ ಇಂಟೆಲ್‌ನದೇ ಇರಲಿ, ಫ್ರೀಬಿಎಸ್‌ಡಿಗೆ ಅವು ಚೆನ್ನಾಗಿ ಹೊಂದುತ್ತವೆ.

ಮೇಲ್ ಬರುವ ದಾರಿ ಸರಳವೇ. ಕಳಿಸುವವರ ಸರ್ವರ್ ನಮ್ಮ ಡೊಮೇನ್‌ನ ಎಂಎಕ್ಸ್ ರೆಕಾರ್ಡ್ (ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ದಾಖಲೆ) ನೋಡುತ್ತದೆ, ಅದರಲ್ಲಿರುವ ಹೆಸರಿನಿಂದ ಐಪಿ ವಿಳಾಸ ಹುಡುಕುತ್ತದೆ, ಆ ಐಪಿಯ 25ನೇ ಪೋರ್ಟ್ (ನಂಬರಿನ ಬಾಗಿಲು ಅಂದುಕೊಳ್ಳಿ) ತಟ್ಟುತ್ತದೆ. ಫೈರ್‌ವಾಲ್ ಅದನ್ನು ಒಳಗಿನ ಸರ್ವರ್‌ಗೆ ದಾಟಿಸಬೇಕು. 587, 465, 993 ಪೋರ್ಟ್‌ಗಳು ನಮ್ಮವರು ಮೇಲ್ ಕಳಿಸಲು, ಓದಲು ಮಾತ್ರ. ಹೊರಗಿನ ಮೇಲ್‌ಗೆ 25 ಒಂದೇ ದಾರಿ. "ಮೇಲ್ ಬರ್ತಿಲ್ಲ" ಅಂದಾಗ ಈ ದಾರಿಯಲ್ಲಿ ಎಲ್ಲಿ ನಿಂತಿದೆ ಅನ್ನುವುದೊಂದೇ ಪ್ರಶ್ನೆ.

ಇದಕ್ಕೆ ನಾನು ಜಾಸ್ತಿ ಬಳಸುವುದು ಫೈರ್‌ವಾಲ್ ಮೆನುವಿನ ಲೈವ್ ವ್ಯೂ. ಡೆಸ್ಟಿನೇಶನ್ ಪೋರ್ಟ್ 25 ಅಂತ ಫಿಲ್ಟರ್ ಹಾಕಿ, ಜಿಮೇಲ್‌ನಿಂದ ಒಂದು ಮೇಲ್ ಬಿಡಿ. ಕೆಂಪು ಸಾಲು ಬಂದರೆ ನಮ್ಮ ಫೈರ್‌ವಾಲ್ ತಡೆದಿದೆ. ಹಸಿರು ಬಂದರೆ ಫೈರ್‌ವಾಲ್ ದಾಟಿದೆ, ಇನ್ನು ಪೋಸ್ಟ್‌ಫಿಕ್ಸ್ ಲಾಗ್ ನೋಡಬೇಕು. ಏನೂ ಬಾರದಿದ್ದರೆ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಹೋಗುವ ಡೇಟಾದ ತುಣುಕು) ನಮ್ಮ ಬಾಗಿಲವರೆಗೆ ಬಂದೇ ಇಲ್ಲ. ಒಂದು ಮಾತು ಗಮನದಲ್ಲಿರಲಿ: ಯಾವ ರೂಲ್‌ಗೂ ಸೇರದೆ ತಡೆದದ್ದು ತಾನಾಗಿ ಲಾಗ್ ಆಗುತ್ತದೆ, ನಾವೇ ಬರೆದ ರೂಲ್‌ನದ್ದು ಆಗುವುದಿಲ್ಲ. 25ನೇ ಪೋರ್ಟ್‌ನ ರೂಲ್‌ನಲ್ಲಿ ಲಾಗ್ ಆಯ್ಕೆಗೆ ಟಿಕ್ ಹಾಕಿದರೆ ಮಾತ್ರ ಹಸಿರು ಸಾಲು ಕಾಣುತ್ತದೆ. ಇನ್ನೊಂದು, ಮನೆಯ ಬ್ರಾಡ್‌ಬ್ಯಾಂಡ್‌ನಿಂದ 25ಕ್ಕೆ ಟೆಲ್‌ನೆಟ್ (ಪೋರ್ಟ್‌ಗೆ ನೇರವಾಗಿ ಕನೆಕ್ಟ್ ಆಗುವ ಕಮಾಂಡ್) ಹಾಕಿ ಪರೀಕ್ಷೆ ಮಾಡಬೇಡಿ. ಹೊರಹೋಗುವ 25ನ್ನು ಎಷ್ಟೋ ಇಂಟರ್ನೆಟ್ ಕಂಪನಿಗಳು, ಕ್ಲೌಡ್ ಕಂಪನಿಗಳೂ ಮುಚ್ಚಿಟ್ಟಿರುತ್ತವೆ. ಅಲ್ಲಿಂದ ಕನೆಕ್ಟ್ ಆಗದಿದ್ದರೆ ನಮ್ಮ ಸರ್ವರ್ ಕೆಟ್ಟಿದೆ ಅಂತ ಅರ್ಥವಲ್ಲ.

ನಮ್ಮನ್ನು ಬಹಳ ಸತಾಯಿಸಿದ ತೊಂದರೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದು ಬೇರೆಯವರಿಗೂ ಬರುವಂಥದ್ದು. ಸಣ್ಣ ಮೇಲ್‌ಗಳೆಲ್ಲ ಸರಿಯಾಗಿ ಬರುತ್ತಿದ್ದವು. ದೊಡ್ಡ ಅಟ್ಯಾಚ್‌ಮೆಂಟ್ ಇದ್ದವು ಬರುತ್ತಿರಲಿಲ್ಲ, ಅದೂ ಎಲ್ಲರಿಂದ ಅಲ್ಲ, ಕೆಲವರಿಂದ ಮಾತ್ರ. ಗದಗದ ಗಿರಾಕಿಯೊಬ್ಬರ ಫೋನ್: "ಮುಂಜಾನೆನ ಫೈಲ್ ಕಳಿಸೀನ್ರೀ, ಇನ್ನೂ ಬಂದಿಲ್ಲೇನ್ರೀ?" ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಅವರ ಸರ್ವರ್ ಬಂದು ಕನೆಕ್ಟ್ ಆದದ್ದು ಇತ್ತು. ಸರಿಯಾಗಿ ಐದು ನಿಮಿಷದ ನಂತರ "ಟೈಮ್‌ಔಟ್ ಆಫ್ಟರ್ ಡೇಟಾ" ಅನ್ನುವ ಸಾಲು. ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 300 ಸೆಕೆಂಡ್ ಕಾದು ಕೈಬಿಡುತ್ತದೆ, ಆ ಐದು ನಿಮಿಷ ಅದೇ.

ಓಪಿಎನ್‌ಸೆನ್ಸ್‌ನಲ್ಲೇ ಪ್ಯಾಕೆಟ್ ಕ್ಯಾಪ್ಚರ್ ಇದೆ. ಅದನ್ನು ಹಚ್ಚಿ, ಫೈಲ್ ಇಳಿಸಿಕೊಂಡು, ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ತೆರೆದಾಗ ವಿಷಯ ಕಣ್ಣಿಗೆ ಕಂಡಿತು. ಆರಂಭದ ಸಣ್ಣ ಪ್ಯಾಕೆಟ್‌ಗಳು ಹೋಗಿ ಬಂದಿವೆ. ನಿಜವಾದ ಫೈಲ್ ಶುರುವಾಗಬೇಕಾದ ಹೊತ್ತಿಗೆ ಆ ಕಡೆಯಿಂದ ಒಂದೂ ತುಂಬಿದ ಪ್ಯಾಕೆಟ್ ಇಲ್ಲ. ಕಾರಣ ಹೀಗೆ: ಆಗ ಪಿಪಿಪಿಒಇ (ಬ್ರಾಡ್‌ಬ್ಯಾಂಡ್‌ಗೆ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ವಿಧಾನ) ಲಾಗಿನ್ ಆಗುತ್ತಿದ್ದುದು ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ, ನಮ್ಮ ಫೈರ್‌ವಾಲ್ ಅದರ ಹಿಂದೆ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಇರಬಹುದು. ಪಿಪಿಪಿಒಇ ತನ್ನ 8 ಬೈಟ್ ತೆಗೆದುಕೊಂಡು 1492 ಮಾತ್ರ ಬಿಡುತ್ತದೆ. ದೊಡ್ಡದು ಬಂದರೆ "ಚಿಕ್ಕದು ಮಾಡಿ ಕಳಿಸು" ಅಂತ ಐಸಿಎಂಪಿ (ನೆಟ್‌ವರ್ಕ್ ತೊಂದರೆ ತಿಳಿಸುವ) ಸಂದೇಶ ಹಿಂದಕ್ಕೆ ಹೋಗಬೇಕು. ಎಷ್ಟೋ ಕಡೆ ಭದ್ರತೆ ಅಂತ ಐಸಿಎಂಪಿಯನ್ನೇ ಪೂರ್ತಿ ಮುಚ್ಚಿರುತ್ತಾರೆ. ಹಾಗಾಗಿ ಕಳಿಸುವ ಸರ್ವರ್‌ಗೆ ಸುದ್ದಿಯೇ ಮುಟ್ಟುವುದಿಲ್ಲ, ಅದೇ ದೊಡ್ಡ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ.

ಪರಿಹಾರ ಒಂದೇ ಖಾನೆಯಲ್ಲಿತ್ತು. ವ್ಯಾನ್ (ಇಂಟರ್ನೆಟ್ ಕಡೆಯ) ಇಂಟರ್‌ಫೇಸ್‌ನ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹೆಚ್ಚೆಂದರೆ ಎಷ್ಟು ಡೇಟಾ) ಅನ್ನುವಲ್ಲಿ 1492 ಬರೆದೆ. ಓಪಿಎನ್‌ಸೆನ್ಸ್ ಅದರಲ್ಲಿ ಪ್ಯಾಕೆಟ್‌ನ ತಲೆಬರಹದ 40 ಬೈಟ್ ಕಳೆದು 1452 ಅಂತ ಹೊರಗಿನವರಿಗೆ ಮೊದಲೇ ತಿಳಿಸುತ್ತದೆ. ಅಪ್ಲೈ ಒತ್ತಿದ ಮೇಲೆ ಗದಗದವರ ಫೈಲ್ ಬಂತು, ಅವರ ಸರ್ವರ್ ತಾನೇ ಇನ್ನೊಮ್ಮೆ ಪ್ರಯತ್ನಿಸಿತ್ತು. ಸರ್ವರ್‌ನಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ.

ಆಮೇಲೆ ಇಂಟರ್ನೆಟ್ ಕಂಪನಿಯ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ಬರೀ ಸಂಪರ್ಕ ದಾಟಿಸುವ ಕೆಲಸಕ್ಕೆ) ಹಾಕಿಸಿ, ಲಾಗಿನ್ ಅನ್ನು ಫೈರ್‌ವಾಲ್‌ಗೇ ತಂದುಕೊಂಡೆವು. ಅದರಿಂದ ಮುಂದೆ ದೊಡ್ಡ ಉಪಕಾರವಾಯಿತು. ಒಂದು ದಿನ ಬೆಳಿಗ್ಗೆಯಿಂದ ಒಂದೂ ಮೇಲ್ ಇಲ್ಲ. ಲೈವ್ ವ್ಯೂನಲ್ಲಿ ಕೆಂಪೂ ಇಲ್ಲ, ಹಸಿರೂ ಇಲ್ಲ. ಡ್ಯಾಶ್‌ಬೋರ್ಡ್ ನೋಡಿದರೆ ವ್ಯಾನ್ ಐಪಿ 100.ರಿಂದ ಶುರುವಾಗಿದೆ. 100.64ರಿಂದ 100.127ರವರೆಗಿನ ವಿಳಾಸಗಳು ಇಂಟರ್ನೆಟ್ ಕಂಪನಿಗಳು ಒಂದೇ ಐಪಿಯನ್ನು ಹತ್ತಾರು ಮನೆಗೆ ಹಂಚಲು ಮೀಸಲಾದವು. ಅಲ್ಲಿಗೆ ಹೊರಗಿನಿಂದ ಯಾರೂ ನೇರವಾಗಿ ಬರಲಾರರು. ಪ್ಲಾನ್ ಬದಲಿಸುವಾಗ ಕಂಪನಿಯವರು ನಮ್ಮ ಸ್ಟ್ಯಾಟಿಕ್ (ಬದಲಾಗದ) ಐಪಿ ತೆಗೆದುಬಿಟ್ಟಿದ್ದರು. ಕಸ್ಟಮರ್ ಕೇರ್‌ನವರು "ನೆಟ್ ಬರ್ತಿದೆಯಲ್ಲ ಸರ್, ನಿಮ್ಮ ಸರ್ವರ್ ಚೆಕ್ ಮಾಡಿ" ಅಂತಲೇ ಹೇಳುತ್ತಿದ್ದರು. ಐಪಿ ಓದಿ ಹೇಳಿದ ಮೇಲೆ ಮಾತು ನಿಂತಿತು, ಕೆಲಸ ಶುರುವಾಯಿತು. ಇಂಥ ಹೊತ್ತಿನಲ್ಲಿ ಗಾಬರಿ ಬೇಡ. ಕಳಿಸಿದವರ ಸರ್ವರ್ ಮೇಲ್ ಅನ್ನು ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಆದರೆ ಐದು ದಿನ ಬಿಡುವುದಿಲ್ಲ. ನಮಗೂ ಐಪಿ ವಾಪಸ್ ಬಂದ ಮೇಲೆ ತಡೆದಿದ್ದ ಮೇಲ್‌ಗಳು ಸಾಲಾಗಿ ಬಂದವು.

ಇನ್ನೊಂದು ಗುಣ ಹೊರಗೆ ಕಾಣುವುದಿಲ್ಲ, ಆದರೆ ನನ್ನ ಮಟ್ಟಿಗೆ ಅದೇ ದೊಡ್ಡದು. ಪೋರ್ಟ್ ಫಾರ್ವರ್ಡ್ ಮಾಡುವಾಗ ಓಪಿಎನ್‌ಸೆನ್ಸ್ ಕಳಿಸಿದವರ ಐಪಿಯನ್ನು ಹಾಗೇ ಉಳಿಸುತ್ತದೆ. ಮೊದಲಿದ್ದ ಅಗ್ಗದ ರೂಟರ್ ಅದನ್ನು ಅಳಿಸಿ ತನ್ನದೇ 192.168.1.1 ಹಾಕುತ್ತಿತ್ತು. ಹೊರಗಿನ ಪ್ರತಿ ಮೇಲ್ ಒಳಗಿನವರೇ ಕಳಿಸಿದಂತೆ ಸರ್ವರ್‌ಗೆ ಕಂಡರೆ ಎಸ್‌ಪಿಎಫ್ (ಆ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಲು ಆ ಐಪಿಗೆ ಅನುಮತಿ ಇದೆಯೇ ಅನ್ನುವ) ಪರೀಕ್ಷೆಗೆ ಅರ್ಥವೇ ಇಲ್ಲ. ಅದಕ್ಕಿಂತ ಅಪಾಯ ಏನೆಂದರೆ, ಪೋಸ್ಟ್‌ಫಿಕ್ಸ್ ಲೋಕಲ್ ನೆಟ್‌ವರ್ಕ್ ಅನ್ನು ನಂಬುವಂತೆ ಇಟ್ಟಿದ್ದರೆ ಊರೆಲ್ಲ ನಮ್ಮ ಸರ್ವರ್‌ನಿಂದ ಸ್ಪ್ಯಾಮ್ ಕಳಿಸಬಹುದು. ನಿಮ್ಮ ಮೇಲ್ ಲಾಗ್‌ನಲ್ಲಿ ಎಲ್ಲ ಮೇಲ್ ಗೇಟ್‌ವೇ (ರೂಟರ್) ಐಪಿಯಿಂದಲೇ ಬಂದಂತೆ ಕಂಡರೆ ಇವತ್ತೇ ಸರಿಪಡಿಸಿ.

ಆಫೀಸ್ ವೈಫೈಗೆ ಬಂದ ತಕ್ಷಣ ಫೋನ್‌ನಲ್ಲಿ ಮೇಲ್ ತೆರೆಯದಿದ್ದರೆ ಅದು ನ್ಯಾಟ್ ರಿಫ್ಲೆಕ್ಷನ್ (ಒಳಗಿನವರು ಹೊರಗಿನ ಐಪಿ ಕೇಳಿದಾಗ ಒಳಗಿನ ಸರ್ವರ್‌ಗೇ ತಿರುಗಿಸುವ ಸೌಲಭ್ಯ) ವಿಷಯ, ಮೊದಲಿಗೆ ಆಫ್ ಇರುತ್ತದೆ. ಅದನ್ನು ಆನ್ ಮಾಡುವ ಬದಲು, ಹೆಸರಿಗೆ ಐಪಿ ಹುಡುಕಿಕೊಡುವ ಅನ್‌ಬೌಂಡ್‌ನಲ್ಲಿ ಹೋಸ್ಟ್ ಓವರ್‌ರೈಡ್ ಹಾಕಿ, ಮೇಲ್ ಸರ್ವರ್ ಹೆಸರಿಗೆ ಒಳಗಿನ ಐಪಿ ಕೊಡಿ. ಇದೇ ಚೊಕ್ಕ.

ಕೊರತೆಗಳೂ ಇವೆ. ವೈಫೈ ಇದರಿಂದ ನಿರೀಕ್ಷಿಸಬೇಡಿ, ಬೇರೆ ಆಕ್ಸೆಸ್ ಪಾಯಿಂಟ್ ಬೇಕು. ದೇಶವಾರು ತಡೆಯುವ ಜಿಯೋಐಪಿ ಸೌಲಭ್ಯ ಚೆನ್ನಾಗಿದೆ, ಆದರೆ 25ನೇ ಪೋರ್ಟ್‌ಗೆ ಹಾಕಬೇಡಿ. ಪಕ್ಕದ ಬೀದಿಯವರ ಜಿಮೇಲ್ ಕೂಡ ಯಾವುದೋ ದೇಶದ ಸರ್ವರ್‌ನಿಂದ ಬರಬಹುದು. ಪೋಸ್ಟ್‌ಫಿಕ್ಸ್ ಅನ್ನೇ ಫೈರ್‌ವಾಲ್ ಮೇಲೆ ಹಾಕುವ ಪ್ಲಗಿನ್ ಇದೆ, ನಾನು ಅದನ್ನು ಬಳಸುವುದಿಲ್ಲ. ಮೇಲ್‌ನ ಕೆಲಸ ಬೇರೆ ಮೆಷಿನ್‌ನಲ್ಲಿರುವುದೇ ನನಗೆ ಇಷ್ಟ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ಊರಾದರೆ ಇನ್‌ಸ್ಟಾಲ್ ಮಾಡುವಾಗ ಝಡ್‌ಎಫ್‌ಎಸ್ (ಕರೆಂಟ್ ಹೋದರೆ ಸುಲಭಕ್ಕೆ ಕೆಡದ ಫೈಲ್ ಸಿಸ್ಟಮ್) ಆರಿಸಿ, ಒಂದು ಯುಪಿಎಸ್ ಇಡಿ.

ಜನವರಿ ಮತ್ತು ಜುಲೈನಲ್ಲಿ ದೊಡ್ಡ ಅಪ್‌ಡೇಟ್ ಬರುತ್ತದೆ, ಮೆನುಗಳ ಜಾಗ ಕೆಲವೊಮ್ಮೆ ಬದಲಾಗುತ್ತದೆ. ನಾನು ಮೊದಲು ಕಾನ್ಫಿಗರೇಶನ್ ಬ್ಯಾಕಪ್ ಇಳಿಸಿಕೊಂಡು, ಭಾನುವಾರ ಪ್ರೆಸ್ ಮುಚ್ಚಿದ ಮೇಲೆ ಅಪ್‌ಡೇಟ್ ಮಾಡುತ್ತೇನೆ. ಮುಗಿದ ಕೂಡಲೇ ಜಿಮೇಲ್‌ನಿಂದ ಎರಡು ಮೇಲ್ ಕಳಿಸಿ ನೋಡುತ್ತೇನೆ: ಒಂದು ಖಾಲಿ, ಇನ್ನೊಂದರಲ್ಲಿ 20 ಎಂಬಿ ಪಿಡಿಎಫ್.